ಎಡಿಟಿಂಗ್‌ಗೆ ಹಳೇ ಕಂಪ್ಯೂಟರ್ ತಗೊಳ್ಳುವ ಮುಂಚೆ: ಮಲೆನಾಡಿನವರ ಅನುಭವ

ಹೊಸನಗರದಿಂದ ಪ್ರಶ್ನೆ:

ಮದುವೆ, ಉಪನಯನ, ಮನೆ ಒಕ್ಕಲಿನ ವಿಡಿಯೋ ಮಾಡುತ್ತೇನೆ. ಇಷ್ಟು ದಿನ ಎಡಿಟಿಂಗ್ ಹೊರಗೆ ಕೊಡುತ್ತಿದ್ದೆ, ಈಗ ನಾನೇ ಮಾಡೋಣ ಅಂತಿದ್ದೇನೆ. ಹೊಸದಕ್ಕೆ ದುಡ್ಡು ಸಾಲುವುದಿಲ್ಲ. 45 ಸಾವಿರದೊಳಗೆ ಸೆಕೆಂಡ್ ಹ್ಯಾಂಡ್ ಹುಡುಕುತ್ತಿದ್ದೇನೆ. ಶಿವಮೊಗ್ಗದಲ್ಲಿ ಒಬ್ಬರ ಹತ್ತಿರ ಒಂದು ಇದೆಯಂತೆ. ಐ7, 16 ಜಿಬಿ ರ‍್ಯಾಮ್, 4 ಜಿಬಿ ಗ್ರಾಫಿಕ್ಸ್ ಕಾರ್ಡ್. ಬೆಣ್ಣೆ ತರ ಓಡುತ್ತದೆ ಅನ್ನುತ್ತಾರೆ. ತಗೋಬಹುದಾ? ಬಳಸಿದವರು ಹೇಳಿ.

ಶಿವಮೊಗ್ಗ, ವಿನೋಬನಗರದಿಂದ:

ಐ7 ಅಂದ ತಕ್ಷಣ ಅಡ್ವಾನ್ಸ್ ಕೊಟ್ಟುಬಿಡಬೇಡಿ. ಐ7 ಅನ್ನುವುದು ಇಂಟೆಲ್ ಪ್ರೊಸೆಸರ್‌ಗಳ ಒಂದು ಸಾಲಿನ ಹೆಸರು ಅಷ್ಟೇ, ಯಾವ ಐ7 ಅಂತ ಕೇಳಿ. ಐ7-2600 ಕೂಡ ಐ7, ಐ7-8700 ಕೂಡ ಐ7. ಗೆರೆ ಆದಮೇಲೆ ಬರುವ ಅಂಕಿ ನೋಡಬೇಕು. ಮೊದಲನೆಯದು ಎರಡನೇ ಜನರೇಶನ್ (ತಲೆಮಾರು), 2011ರದ್ದು, 4 ಕೋರ್, ಅಂದರೆ ಒಳಗೆ ಲೆಕ್ಕ ಮಾಡುವ ಘಟಕ ನಾಲ್ಕು. ಇನ್ನೊಂದು ಎಂಟನೇ ಜನರೇಶನ್, 6 ಕೋರ್. ಐ5-8400ಕ್ಕೂ 6 ಕೋರ್ ಇದೆ. ಹಾಗಾಗಿ ಹಳೇ ಐ7ಗಿಂತ ಈಚಿನ ಐ5 ಎಷ್ಟೋ ವಾಸಿ. ಮಾರುವವರು ನಂಬರ್ ಹೇಳದೆ ಬರೀ ಐ7, ಐ7 ಅನ್ನುತ್ತಿದ್ದರೆ ಅದು ತೀರಾ ಹಳೇದು ಅಂತಲೇ ನಾನು ಲೆಕ್ಕ ಹಾಕುವುದು.

ಇಂಟೆಲ್ ಆದರೆ ಎಂಟನೇ ಜನರೇಶನ್‌ಗಿಂತ ಕೆಳಗೆ ಇಳಿಯಬೇಡಿ. ವಿಂಡೋಸ್ 10ರ ಮಾಮೂಲಿ ಸಪೋರ್ಟ್ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಎಂಟನೇ ಜನರೇಶನ್‌ಗಿಂತ ಹಳೆಯ ಪ್ರೊಸೆಸರ್‌ಗಳಲ್ಲಿ ಕೆಲವೇ ಕೆಲವು ಬಿಟ್ಟರೆ ಯಾವುದಕ್ಕೂ ವಿಂಡೋಸ್ 11 ಅಧಿಕೃತವಾಗಿ ಇಲ್ಲ. "ಅದೆಲ್ಲಾ ನಾವು ಹಾಕಿ ಕೊಡ್ತೀವಿ ಸಾರ್" ಅನ್ನುವವರು ಇದ್ದಾರೆ. ಹಾಕಿಯೂ ಕೊಡುತ್ತಾರೆ. ದೊಡ್ಡ ಅಪ್‌ಡೇಟ್ ಬಂದಾಗ ಒದ್ದಾಡುವವರು ನೀವು.

ನಿಮ್ಮ ಕ್ಯಾಮೆರಾ ಯಾವುದು ಅಂತ ಬರೆದಿಲ್ಲ. ಅದರ ಮೇಲೇ ಎಲ್ಲಾ ನಿಂತಿರುವುದು. ಅದು ಬರೆಯುವ ವಿಡಿಯೋ 8 ಬಿಟ್ ಎಚ್.264 (ಮಾಮೂಲಿ ವಿಡಿಯೋ ನಮೂನೆ) ಆದರೆ ಎಂಟನೇ ಜನರೇಶನ್ ಸಾಕು. ಕ್ಯಾಮೆರಾ 10 ಬಿಟ್ 4:2:2 ಎಚ್‌ಇವಿಸಿ (ಬಣ್ಣದ ವಿವರ ಜಾಸ್ತಿ ಇರುವ, ಬಿಡಿಸಲು ಕಷ್ಟದ ನಮೂನೆ) ಬರೆಯುತ್ತಿದ್ದರೆ ಹನ್ನೊಂದನೇ ಜನರೇಶನ್ ಅಥವಾ ಅದಕ್ಕಿಂತ ಈಚಿನದು ನೋಡಿ. ಅದರ ಒಳಗಿನ ಗ್ರಾಫಿಕ್ಸ್, ಅಂದರೆ ಕ್ವಿಕ್ ಸಿಂಕ್, ಆ ಫೈಲನ್ನು ತಾನೇ ಬಿಡಿಸಿಕೊಳ್ಳುತ್ತದೆ. ಎನ್‌ವಿಡಿಯಾದ 30, 40 ಸೀರೀಸ್ ಕಾರ್ಡ್‌ಗಳಿಗೂ ಇದು ಬರುವುದಿಲ್ಲ. ಪ್ರೊಸೆಸರ್ ನಂಬರ್ ಕೊನೆಯಲ್ಲಿ 'ಎಫ್' ಇದ್ದರೆ ಒಳಗಿನ ಗ್ರಾಫಿಕ್ಸೇ ಇಲ್ಲ ಅಂತ ಅರ್ಥ. 'ಜಿಯಾನ್, 12 ಕೋರ್, ಸರ್ವರ್ ಪ್ರೊಸೆಸರ್' ಅಂತ ಅಗ್ಗಕ್ಕೆ ಸಿಗುತ್ತವಲ್ಲ, ಅವುಗಳಲ್ಲೂ ಹೆಚ್ಚಿನವಕ್ಕೆ ಇಲ್ಲ. ಕೋರ್ ಜಾಸ್ತಿ ಇದೆ ಅಂತ ಮರುಳಾಗಬೇಡಿ.

ನೋಡಲು ಹೋಗುವಾಗ ನಿಮ್ಮದೇ ಒಂದು ಮದುವೆಯ ಕ್ಲಿಪ್‌ಗಳನ್ನು ಡಿಸ್ಕ್‌ನಲ್ಲಿ ಹಾಕಿಕೊಂಡು ಹೋಗಿ. ಅವರು ತೋರಿಸುವ ಯೂಟ್ಯೂಬ್ ವಿಡಿಯೋ ಯಾವ ಕಂಪ್ಯೂಟರ್‌ನಲ್ಲೂ ಓಡುತ್ತದೆ. ನಿಮ್ಮ ಕ್ಲಿಪ್ ಟೈಮ್‌ಲೈನ್‌ಗೆ ಹಾಕಿ, ಬಣ್ಣ ತಿದ್ದಿ, ಮೇಲೊಂದು ಲೇಯರ್ ಕೂರಿಸಿ, ಎಕ್ಸ್‌ಪೋರ್ಟ್ (ಪೂರ್ತಿ ವಿಡಿಯೋ ಫೈಲ್ ಮಾಡಲು) ಕೊಡಿ. ಪಕ್ಕದಲ್ಲಿ ಎಚ್‌ಡಬ್ಲ್ಯುಇನ್ಫೋ (ಶಾಖ, ವೇಗ ತೋರಿಸುವ ಸಾಫ್ಟ್‌ವೇರ್) ತೆರೆದಿಟ್ಟು ಅರ್ಧ ಗಂಟೆ ಕೂತು ನೋಡಿ. ಮೊದಲ ಐದು ನಿಮಿಷ ಎಲ್ಲಾ ಚೆನ್ನಾಗಿರುತ್ತದೆ. ಆಮೇಲೆ ಕೆಲವದರಲ್ಲಿ ಫ್ಯಾನ್ ಕೂಗಲು ಶುರುವಾಗುತ್ತದೆ, ಶಾಖ 95 ಡಿಗ್ರಿ ದಾಟುತ್ತದೆ, 4 ಗಿಗಾಹರ್ಟ್ಸ್‌ನಲ್ಲಿದ್ದ ವೇಗ ಎರಡೂವರೆಗೆ ಕುಸಿಯುತ್ತದೆ. ಇದಕ್ಕೆ ಕಾರಣ ಸಾಮಾನ್ಯವಾಗಿ ಧೂಳು, ಪ್ರೊಸೆಸರ್ ಮೇಲಿನ ಒಣಗಿದ ಪೇಸ್ಟ್. ಸ್ವಲ್ಪ ಖರ್ಚಿನಲ್ಲಿ ಸರಿಯಾಗುತ್ತದೆ, ಚೌಕಾಸಿಗೂ ಒಳ್ಳೇ ನೆಪ. ಆದರೆ ಎಕ್ಸ್‌ಪೋರ್ಟ್ ಮಧ್ಯೆ ತಾನಾಗೇ ರೀಸ್ಟಾರ್ಟ್ ಆಯಿತೋ, ಸುಮ್ನೆ ಎದ್ದು ಬನ್ನಿ. ಪವರ್ ಸಪ್ಲೈ ಇರಬಹುದು, ಬೋರ್ಡ್ ಇರಬಹುದು, ಕಾರ್ಡ್ ಇರಬಹುದು. ಹುಡುಕುವ ಕೆಲಸ ನಿಮಗ್ಯಾಕೆ?

ಅಲ್ಲೇ ಕ್ರಿಸ್ಟಲ್ ಡಿಸ್ಕ್ ಇನ್ಫೋದಲ್ಲಿ ಡಿಸ್ಕ್ ಎಷ್ಟು ಗಂಟೆ ಓಡಿದೆ ನೋಡಿ. ಜಿಪಿಯು-ಝಡ್‌ನಲ್ಲಿ ಕಾರ್ಡ್ ನೋಡಿ. ಹಳೇ ಕಾರ್ಡ್‌ಗೆ ಬಯೋಸ್ (ಒಳಗಿನ ಮೂಲ ಸಾಫ್ಟ್‌ವೇರ್) ಬದಲಿಸಿ ಜಿಟಿಎಕ್ಸ್ 1050 ಟಿಐ ಅಂತ ಮಾರುವ ದಂಧೆ ಇದೆ. ಅಂಥವಕ್ಕೆ ಈ ಸಾಫ್ಟ್‌ವೇರ್ 'ಫೇಕ್' ಅಂತ ತಾನೇ ತೋರಿಸುತ್ತದೆ.

ಸಾಗರದಿಂದ:

ಮೇಲಿನವರು ಹೇಳಿದ್ದಕ್ಕೆ ಸ್ಟೋರೇಜ್ ಒಂದು ಸೇರಿಸುತ್ತೇನೆ. ನಾನು ಯಕ್ಷಗಾನ ರೆಕಾರ್ಡ್ ಮಾಡುವವನು. ಇಡೀ ರಾತ್ರಿಯ ಆಟ, ಎರಡು ಕ್ಯಾಮೆರಾ. 100 ಎಂಬಿಪಿಎಸ್‌ನಲ್ಲಿ (ಸೆಕೆಂಡಿಗೆ 100 ಮೆಗಾಬಿಟ್) 4ಕೆ ಇಟ್ಟರೆ ಗಂಟೆಗೆ 45 ಜಿಬಿ. ಎಂಟು ಗಂಟೆ ಆಟಕ್ಕೆ ಒಂದು ಕ್ಯಾಮೆರಾದ್ದೇ 360 ಜಿಬಿ. ಮಾರುವವರು '256 ಜಿಬಿ ಎಸ್‌ಎಸ್‌ಡಿ ಇದೆ ಸಾರ್' ಅಂದಾಗ ನಗು ಬರುತ್ತದೆ. ವಿಂಡೋಸ್‌ಗೆ ಒಂದು ಎಸ್‌ಎಸ್‌ಡಿ, ನಡೆಯುತ್ತಿರುವ ಕೆಲಸಕ್ಕೆ ಇನ್ನೊಂದು, ಮುಗಿದದ್ದನ್ನು ಇಡಲು ದೊಡ್ಡ ಹಾರ್ಡ್ ಡಿಸ್ಕ್. ಹಳೇ ಹಾರ್ಡ್ ಡಿಸ್ಕ್‌ನಲ್ಲಿ ಮಾತ್ರ ಗಿರಾಕಿಯ ಮದುವೆ ಇಡಬೇಡಿ ಮಾರಾಯ್ರೆ. ಕಂಪ್ಯೂಟರ್ ಹಳೇದಾದರೂ ಡಿಸ್ಕ್ ಹೊಸದೇ ಇರಲಿ.

ಇನ್ನೊಂದು, ಪ್ರಾಕ್ಸಿ. ಮೂಲ ಫೈಲಿನ ಚಿಕ್ಕ ನಕಲು ಮಾಡಿಕೊಂಡು ಅದರಲ್ಲಿ ಕಟ್ ಮಾಡುವುದು, ಎಕ್ಸ್‌ಪೋರ್ಟ್ ಹೊತ್ತಿಗೆ ಮೂಲ ಫೈಲ್. ಪ್ರೀಮಿಯರ್‌ನಲ್ಲೂ ಇದೆ, ಡಾವಿಂಚಿ ರಿಸಾಲ್ವ್‌ನಲ್ಲೂ ಇದೆ. ರಾತ್ರಿ ಪ್ರಾಕ್ಸಿ ಮಾಡಲು ಬಿಟ್ಟು ಮಲಗಿದರೆ ಬೆಳಿಗ್ಗೆ ಸಾಧಾರಣ ಕಂಪ್ಯೂಟರ್ ಕೂಡ ಹೇಳಿದ ಮಾತು ಕೇಳುತ್ತದೆ. ಕರೆಂಟ್ ಇದ್ದರೆ!

ತೀರ್ಥಹಳ್ಳಿಯಿಂದ:

ಹ್ಞಾ, ಕರೆಂಟಿನ ವಿಷಯಕ್ಕೇ ಬರುತ್ತಿದ್ದೆ. ನಾನು ರಿಪೇರಿ ಮಾಡುವವನು. ನಮ್ಮ ಕಡೆ ಕಂಪ್ಯೂಟರ್ ಹಾಳಾಗುವುದು ಎಡಿಟಿಂಗ್‌ನಿಂದ ಅಲ್ಲ. ತೇವ, ಸಿಡಿಲು, ಇರುವೆ.

ತಗೊಳ್ಳುವ ಮುಂಚೆ ಪಕ್ಕದ ಬಾಗಿಲು ಬಿಚ್ಚಿಸಿ, ಮೊಬೈಲ್ ಟಾರ್ಚ್ ಹಾಕಿ. ಹಿಂದಿನ ಯುಎಸ್‌ಬಿ ಪೋರ್ಟ್‌ಗಳ ತಗಡು ಕಂದು ಹಿಡಿದಿದೆಯಾ? ಸ್ಕ್ರೂ ತಲೆಗೆ ತುಕ್ಕು? ಬೋರ್ಡ್ ಮೇಲೆ ಹಸಿರು ಅಥವಾ ಬಿಳಿ ಪುಡಿ? ಕೆಪಾಸಿಟರ್ ತಲೆ ಉಬ್ಬಿದೆಯಾ? ಪವರ್ ಸಪ್ಲೈ ಜಾಲರಿಯಲ್ಲಿ ಮಣ್ಣಿನ ಕಣ ಕಂಡರೆ ಒಳಗೆ ಇರುವೆ ಮನೆ ಮಾಡಿದೆ ಅಂತ. ಮೊನ್ನೆ ಬಂದ ಒಂದರಲ್ಲಿ ಹಲ್ಲಿ ಮೊಟ್ಟೆಯೂ ಇತ್ತು, ಗ್ರಾಫಿಕ್ಸ್ ಕಾರ್ಡಿನ ಬೆನ್ನಿಗೆ ಅಂಟಿಕೊಂಡು ಎರಡು. ಬೆಚ್ಚಗಿರುತ್ತದಲ್ವಾ! ಅದು ಓಡುತ್ತಿತ್ತು ಅನ್ನಿ. ಅದಕ್ಕೇ ಹೇಳುವುದು, ಮಳೆಗಾಲ ಪೂರ್ತಿ ಮೂಲೆಯಲ್ಲಿ ಸುಮ್ಮನಿದ್ದ ಕಂಪ್ಯೂಟರ್‌ಗಿಂತ ದಿನಾ ಓಡಿದ್ದೇ ಮೇಲು.

ಮನೆಗೆ ತಂದ ಮೇಲೆ ಮೊದಲು ಅರ್ಥಿಂಗ್ ನೋಡಿಸಿ. ಕ್ಯಾಬಿನೆಟ್ ಮುಟ್ಟಿದರೆ ಜುಮ್ ಅಂದರೆ ಅರ್ಥಿಂಗ್ ಸರಿ ಇಲ್ಲ ಅಂತಲೇ. ಯುಪಿಎಸ್ 600 ವಿಎ (ಎಷ್ಟು ಹೊರೆ ತಡೆಯುತ್ತದೆ ಅನ್ನುವ ಅಳತೆ) ಬೇಡ, ಗ್ರಾಫಿಕ್ಸ್ ಕಾರ್ಡ್ ಇದ್ದರೆ ಎಕ್ಸ್‌ಪೋರ್ಟ್ ಹೊತ್ತಿಗೆ ಅದು ಎಳೆಯುವುದಿಲ್ಲ. 1000 ವಿಎ ಆಸುಪಾಸು ನೋಡಿ. ಯುಗಾದಿ ಕಳೆದ ಮೇಲೆ ಗುಡುಗು ಮಳೆ ಶುರುವಾಗುತ್ತದಲ್ಲ, ಆಗ ಸ್ವಿಚ್ ಆಫ್ ಮಾಡಿದರೆ ಸಾಲದು, ಪ್ಲಗ್ ಕೀಳಿ. ನೆಟ್ ಕೇಬಲ್ಲೂ ಕೀಳಿ. 'ನಮ್ಮದು ಫೈಬರ್, ಸಿಡಿಲು ಬರಲ್ಲ' ಅನ್ನುತ್ತಾರೆ. ಫೈಬರ್‌ನಲ್ಲಿ ಬರದಿರಬಹುದು, ರೌಟರ್ ಅಡಾಪ್ಟರ್‌ನಿಂದ ತಾಮ್ರದ ಕೇಬಲ್ ಹಿಡಿದು ಬೋರ್ಡ್‌ಗೇ ಬರುತ್ತದೆ.

ಕೊಪ್ಪದಿಂದ:

ಇಷ್ಟೆಲ್ಲಾ ಯಾಕೆ, ಹಳೇ ಎಂ1 (ಆಪಲ್‌ನದೇ ಪ್ರೊಸೆಸರ್) ಮ್ಯಾಕ್‌ಬುಕ್ ತಗೊಳ್ಳಲಿ. ಕರೆಂಟ್ ಹೋದರೂ ಗಂಟೆಗಟ್ಟಲೆ ಕೆಲಸ ಆಗುತ್ತದೆ.

ಸಾಗರದಿಂದ:

ಅದೂ ಒಳ್ಳೇದೇ, ಅಲ್ಲ ಅನ್ನುವುದಿಲ್ಲ. ಆದರೆ ಆ ಬೆಲೆಗೆ ಹೆಚ್ಚಾಗಿ ಸಿಗುವುದು 8 ಜಿಬಿಯದು. ರ‍್ಯಾಮ್ ಆಗಲಿ ಸ್ಟೋರೇಜ್ ಆಗಲಿ ಆಮೇಲೆ ಹೆಚ್ಚಿಸಲು ಆಗುವುದಿಲ್ಲ. ತಗೊಳ್ಳುವುದಾದರೆ ಹಳೇ ಮಾಲೀಕರು ನಿಮ್ಮೆದುರೇ ಐಕ್ಲೌಡ್‌ನಿಂದ ಸೈನ್ ಔಟ್ ಆಗಲಿ. ಇಲ್ಲಾಂದ್ರೆ ಲಾಕ್ ಆಗಿ ಕೂರುತ್ತದೆ.

ಹೊಸನಗರದಿಂದ:

ಎಲ್ಲರಿಗೂ ಥ್ಯಾಂಕ್ಸ್. ನಂಬರ್ ಕೇಳಿದೆ. ಐ7-4770 ಅಂತೆ, ಕಾರ್ಡ್ ಜಿಟಿ 730. ನನ್ನ ಕ್ಯಾಮೆರಾ ಸೋನಿ ಎ7 ಮಾರ್ಕ್ 3. ಮೆಹಂದಿ, ಹಳದಿ ಶಾಸ್ತ್ರ ಕೆಲವೊಮ್ಮೆ ಐಫೋನ್‌ನಲ್ಲಿ ತೆಗೆಯುತ್ತೇನೆ.

ಶಿವಮೊಗ್ಗ, ವಿನೋಬನಗರದಿಂದ:

ಬಿಟ್ಟುಬಿಡಿ. ಆ ಪ್ರೊಸೆಸರ್ 2013ರದ್ದು, ನಾಲ್ಕನೇ ಜನರೇಶನ್. ಐಫೋನ್‌ನ ಎಚ್‌ಇವಿಸಿ ಫೈಲ್ ಬಿಡಿಸುವುದು ಅದಕ್ಕೂ ಬರುವುದಿಲ್ಲ, ಆ ಕಾರ್ಡ್‌ಗೂ ಬರುವುದಿಲ್ಲ. 4 ಜಿಬಿ ಅನ್ನುವುದು ಬರೀ ಹೇಳಿಕೊಳ್ಳಲಿಕ್ಕೆ.

ನಿಮ್ಮ ಸೋನಿ ಒಳಗೆ ಬರೆಯುವುದು 8 ಬಿಟ್, ಹಾಗಾಗಿ ಹನ್ನೊಂದನೇ ಜನರೇಶನ್ ಬೇಕೇ ಬೇಕು ಅಂತಿಲ್ಲ. ಆಫೀಸುಗಳು ಬಳಸಿ ಬಿಟ್ಟ ಡೆಲ್ ಪ್ರಿಸಿಷನ್, ಎಚ್‌ಪಿ ಝಡ್ ಸೀರೀಸ್, ಆಪ್ಟಿಪ್ಲೆಕ್ಸ್ ಥರದ್ದು ಎಂಟರಿಂದ ಹತ್ತನೇ ಜನರೇಶನ್‌ನದ್ದು ಹುಡುಕಿ. ಟವರ್ ಇರಲಿ. ತೆಳ್ಳಗಿನ ಚಿಕ್ಕ ಡಬ್ಬಕ್ಕೆ ಮಾಮೂಲಿ ಗಾತ್ರದ ಕಾರ್ಡ್ ಹಿಡಿಸುವುದಿಲ್ಲ, ಪವರ್ ಸಪ್ಲೈಯೂ ಅದರದ್ದೇ ಅಳತೆ. 32 ಜಿಬಿ ರ‍್ಯಾಮ್ ಹಾಕಿದ್ದೇ ಸಿಕ್ಕರೆ ಬಿಡಬೇಡಿ.

ದುರ್ಗಿಗುಡಿ, ನೆಹರೂ ರೋಡ್ ಕಡೆ ವಿಚಾರಿಸಿ. ಸಿಗದಿದ್ದರೆ ಬೆಂಗಳೂರಿನ ಎಸ್.ಪಿ. ರೋಡ್ ಇದ್ದೇ ಇದೆ. ಎಲ್ಲೇ ತಗೊಂಡರೂ ಸೀರಿಯಲ್ ನಂಬರ್ ಬರೆದ ಬಿಲ್ ಕೇಳಿ, ಟೆಸ್ಟಿಂಗ್ ವಾರಂಟಿ ಎಷ್ಟು ದಿನ ಅಂತ ಅದರ ಮೇಲೇ ಬರೆಸಿ. ಬೆಂಗಳೂರಿನಿಂದ ತರುವುದಾದರೆ ಗ್ರಾಫಿಕ್ಸ್ ಕಾರ್ಡ್ ಬಿಚ್ಚಿಸಿ ಬೇರೆ ಪ್ಯಾಕ್ ಮಾಡಿಸಿ. ಬಸ್ಸಿನ ಡಿಕ್ಕಿಯಲ್ಲಿ ಕುಲುಕಿ ಸ್ಲಾಟ್ ಮುರಿದ ಬೋರ್ಡ್‌ಗಳು ತೀರ್ಥಹಳ್ಳಿಯವರ ಟೇಬಲ್‌ಗೂ ಬಂದಿರುತ್ತವೆ, ಕೇಳಿ ನೋಡಿ.