ಚಿಕ್ಕಮ್ಮನ ಮನೆ ವೈಫೈಗೆ ನನ್ನ ಉದ್ದ ಉತ್ತರ

ಚಿಕ್ಕಮ್ಮ, ನಿಮ್ಮ ಮೆಸೇಜ್ ನೋಡಿದೆ. ಚಾವಡಿಯಲ್ಲಿ ಫುಲ್ ಸಿಗ್ನಲ್, ಅಡುಗೆಮನೆಯಲ್ಲಿ ಬಂದು ಹೋಗಿ ಮಾಡುತ್ತದೆ, ಉಪ್ಪರಿಗೆಯ ಹೊಸ ರೂಮಿನಲ್ಲಿ ತಂಗಿಯ ಆಫೀಸ್ ಮೀಟಿಂಗ್ ಅರ್ಧಕ್ಕೇ ನಿಂತುಬಿಡುತ್ತದೆ. ಅದಕ್ಕೆ ಚಿಕ್ಕಪ್ಪ 100 ಎಂಬಿಪಿಎಸ್ ವೇಗದ ಪ್ಲಾನ್ ಬಿಟ್ಟು 300ರದ್ದು ಹಾಕಿಸೋಣ ಅಂತಿದ್ದಾರೆ. ಬೆಂಗಳೂರಿನಿಂದ ಭಾವ ಬೂಸ್ಟರಿನ ಲಿಂಕ್ ಕಳಿಸಿದ್ದಾರೆ. ಎರಡನ್ನೂ ಸ್ವಲ್ಪ ದಿನ ತಡೆಯಿರಿ. ಒಂದು ರೂಪಾಯಿ ಖರ್ಚು ಮಾಡುವ ಮೊದಲು ಮಾಡಿ ನೋಡುವ ಕೆಲಸ ಬೇಕಾದಷ್ಟಿದೆ. ಟೈಪ್ ಮಾಡಿದರೆ ಮುಗಿಯುವುದಿಲ್ಲ, ಅದಕ್ಕೇ ಮನೆಯವರ ಗ್ರೂಪಿಗೆ ವಾಯ್ಸ್ ಮೆಸೇಜ್ ಹಾಕುತ್ತಿದ್ದೇನೆ. ಉದ್ದ ಆಗುತ್ತದೆ, ಕೆಲಸ ಎಲ್ಲ ಮುಗಿಸಿ ಕೂತು ಕೇಳಿ.

ಮೊದಲು ಕಂಪನಿಯ ಲೈನ್ ಸರಿ ಇದೆಯಾ ಅಂತ ಗೊತ್ತಾಗಬೇಕು. ತಂಗಿಯ ಫೋನ್ ತೆಗೆದುಕೊಳ್ಳಿ. ಮೊಬೈಲ್ ಡೇಟಾ ಆಫ್ ಮಾಡಿ, ಇದು ಮುಖ್ಯ. ವೈಫೈ ವೀಕ್ ಆದ ಕೂಡಲೇ ಕೆಲವು ಫೋನ್ ಸದ್ದಿಲ್ಲದೆ ಮೊಬೈಲ್ ನೆಟ್‌ಗೆ ಹಾರುತ್ತವೆ, ಆಗ ನೀವು ಅಳೆದದ್ದು ಯಾವುದನ್ನು ಅಂತಲೇ ಗೊತ್ತಾಗುವುದಿಲ್ಲ. ರೂಟರ್ ಪಕ್ಕದಲ್ಲೇ ನಿಂತು ಸ್ಪೀಡ್ ಟೆಸ್ಟ್ ಮಾಡಿ. ಆಮೇಲೆ ಅದೇ ಫೋನ್ ಹಿಡಿದು ಅಡುಗೆಮನೆಯಲ್ಲಿ ಒಮ್ಮೆ, ಉಪ್ಪರಿಗೆಯಲ್ಲಿ ಒಮ್ಮೆ. ಬಾಗಿಲು ದಿನಾ ಹೇಗಿರುತ್ತದೋ ಹಾಗೇ ಇರಲಿ. ರೂಟರ್ ಹತ್ತಿರ 90ರ ಆಸುಪಾಸು ಬಂದು ಮೇಲೆ 3–4 ಬಂದರೆ ಕಂಪನಿಯವರದ್ದು ಏನೂ ತಪ್ಪಿಲ್ಲ. 300 ಹಾಕಿಸಿದರೆ ಚಾವಡಿಯಲ್ಲಿ 300 ಬರುತ್ತದೆ, ಮೇಲೆ ಅದೇ 3–4. ಚಿಕ್ಕಪ್ಪ, ಕೇಳಿಸಿತಲ್ವಾ? ಆದರೆ ರೂಟರ್ ಪಕ್ಕದಲ್ಲಿ ನಿಂತರೂ 10 ದಾಟುವುದಿಲ್ಲ, ಅದೂ ಸಂಜೆ ಮಾತ್ರ ಹಾಗೆ ಅಂತಾದರೆ ಅದು ಲೈನಿನ ಸಮಸ್ಯೆ. ಆಗ ನಾನು ಇನ್ನು ಹೇಳುವುದು ಯಾವುದೂ ಉಪಯೋಗಕ್ಕಿಲ್ಲ, ಕಂಪ್ಲೇಂಟ್ ಕೊಡಬೇಕು ಅಷ್ಟೆ.

ನನಗನಿಸುವುದು ನಿಮ್ಮಲ್ಲಿ ಗೋಡೆಯದ್ದೇ ಸಮಸ್ಯೆ. ಹಳೇ ಮನೆ ಕೆಂಪುಕಲ್ಲಿನದ್ದು, ಒಂದೊಂದು ಗೋಡೆ ಒಂದೂವರೆ ಅಡಿ ದಪ್ಪ. ಕೆಂಪುಕಲ್ಲು ಬರೀ ತೂತು, ಮಳೆಗಾಲದಲ್ಲಿ ನೀರು ಕುಡಿದು ಕೂತಿರುತ್ತದೆ. ವೈಫೈಗೆ ನೀರು ಅಂದರೆ ಆಗುವುದಿಲ್ಲ. ಒದ್ದೆ ಗೋಡೆ ಒಣ ಗೋಡೆಗಿಂತ ಜಾಸ್ತಿ ಸಿಗ್ನಲ್ ನುಂಗುತ್ತದೆ. ಬೇಸಿಗೆಯಲ್ಲಿ ಸರಿ ಇತ್ತು, ಜೂನ್ ಆದ ಮೇಲೆ ಹಾಳಾಯಿತು ಅಂತ ತಂಗಿ ಹೇಳಿದ್ದಕ್ಕೆ ಇದೂ ಒಂದು ಕಾರಣ ಇರಬಹುದು.

ಇನ್ನೊಂದು ವಿಷಯ ಯಾರೂ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಗೋಡೆಯನ್ನು ನೇರ ದಾಟಿದರೆ ಒಂದೂವರೆ ಅಡಿ. ಓರೆಯಾಗಿ ದಾಟಿದರೆ ಅದೇ ಗೋಡೆ ಎರಡೂವರೆ, ಮೂರು ಅಡಿ ಆಗುತ್ತದೆ. ನಿಮ್ಮ ರೂಟರ್ ಇರುವುದು ಚಾವಡಿಯ ಮೂಲೆಯಲ್ಲಿ, ಕಿಟಕಿ ಪಕ್ಕ, ಟಿವಿ ಹಿಂದೆ, ನೆಲದಿಂದ ಎರಡಡಿ ಎತ್ತರದಲ್ಲಿ. ಅಲ್ಲಿಂದ ಅಡುಗೆಮನೆಗೆ ಗೆರೆ ಎಳೆದು ನೋಡಿ. ಮೊದಲು ಟಿವಿ, ಆಮೇಲೆ ನಡುಕೋಣೆಯ ಗೋಡೆ ಓರೆಯಾಗಿ, ಆಮೇಲೆ ಕಬ್ಬಿಣದ ಕಪಾಟು, ಮತ್ತೊಂದು ಗೋಡೆ ಓರೆಯಾಗಿ, ಕೊನೆಗೆ ಫ್ರಿಜ್. ಕಬ್ಬಿಣದ ಕಪಾಟನ್ನು ಸಿಗ್ನಲ್ ದಾಟುವುದೇ ಇಲ್ಲ, ಸುತ್ತು ಹೊಡೆದು ಬಂದರೆ ಬಂತು. ದೊಡ್ಡ ಕನ್ನಡಿಯದ್ದೂ ಹಾಗೇ, ಹಿಂದೆ ಲೋಹದ ಲೇಪ ಇರುತ್ತದೆ. ಇಷ್ಟೆಲ್ಲ ದಾಟಿ ಅದು ಅಡುಗೆಮನೆಗೆ ಸ್ವಲ್ಪವಾದರೂ ಬರುತ್ತದಲ್ಲ, ಅದೇ ದೊಡ್ಡದು.

ರೂಟರ್ ಅಲ್ಲಿ ಯಾಕೆ ಕೂತಿದೆ? ಕನೆಕ್ಷನ್ ಕೊಡಲು ಬಂದ ಹುಡುಗನಿಗೆ ಕಿಟಕಿಯಲ್ಲಿ ತೂತು ಮಾಡುವುದು ಸುಲಭ ಆಯಿತು, ಪಕ್ಕದಲ್ಲೇ ಪ್ಲಗ್ ಪಾಯಿಂಟ್ ಸಿಕ್ಕಿತು. ಅಷ್ಟೇ ಕಾರಣ. ಈಗ ಅರ್ಧ ವೈಫೈ ಕಿಟಕಿಯಿಂದ ಹೊರಗೆ ಹೋಗಿ ಅಂಗಳದಲ್ಲಿ ಒಣಗುವ ಅಡಿಕೆಗೆ ಸಿಗುತ್ತಿದೆ.

ಹಾಗಾಗಿ ಮೊದಲ ಕೆಲಸ, ಡಬ್ಬಿಯ ಜಾಗ ಬದಲಿಸುವುದು. ಹಳೇ ಮನೆಯಲ್ಲಿ ಒಂದು ಅನುಕೂಲ ಇದೆ. ಚಾವಡಿಯ ಬಾಗಿಲು, ನಡುಕೋಣೆಯ ಬಾಗಿಲು, ಅಡುಗೆಮನೆಯ ಬಾಗಿಲು ಒಂದೇ ಸಾಲಿನಲ್ಲಿವೆ. ಚಾವಡಿಯಲ್ಲಿ ನಿಂತರೆ ಅಡುಗೆಮನೆಯ ಒಲೆ ಕಾಣುತ್ತದೆ ಅಲ್ವಾ? ಆ ಸಾಲಿಗೆ ಸರಿಯಾಗಿ, ಆಳೆತ್ತರದಲ್ಲಿ, ಒಂದು ಹಲಗೆ ಹೊಡೆದು ರೂಟರ್ ಇಡಿ. ತೆರೆದ ಬಾಗಿಲಲ್ಲಿ ಅದು ಆರಾಮವಾಗಿ ಹೋಗುತ್ತದೆ. ಮುಚ್ಚಿದ್ದರೂ ಮರದ ಬಾಗಿಲು ಕಲ್ಲಿನ ಗೋಡೆಯಷ್ಟು ತಡೆಯುವುದಿಲ್ಲ. ನಡುಕೋಣೆಗೇ ತಂದಿಟ್ಟರೆ ಇನ್ನೂ ಒಳ್ಳೆಯದು. ಆದರೆ ಆ ತೆಳು ಫೈಬರ್ ವೈರನ್ನು ಎಳೆಯಬೇಡಿ, ಮಡಚಬೇಡಿ. ಒಳಗಿರುವುದು ಗಾಜಿನ ಎಳೆ. ಡಬ್ಬಿ ಹಿಂದೆ ಒಂದಷ್ಟು ಸುರುಳಿ ಸುತ್ತಿಟ್ಟಿರುತ್ತಾರೆ, ಅದು ಮುಟ್ಟುವಷ್ಟು ದೂರ ಮಾತ್ರ ಸರಿಸಿ. ಸಾಲದಿದ್ದರೆ ಕಂಪನಿಯವರನ್ನೇ ಕರೆಯಿರಿ. ಸರಿಸಿದ ಮೇಲೆ ಎಲ್‌ಓಎಸ್ ಅಂತ ಬರೆದಿರುವ ದೀಪ ಕೆಂಪಾದರೆ ಫೈಬರಿನಲ್ಲಿ ಬೆಳಕು ಬರುತ್ತಿಲ್ಲ ಅಂತ ಅರ್ಥ.

ಆಂಟೆನಾ ಕಡ್ಡಿಗಳನ್ನು ಸುಮ್ನೆ ಆಕಾಶಕ್ಕೆ ನಿಲ್ಲಿಸಿದ್ದೀರಿ. ಸಿಗ್ನಲ್ ಕಡ್ಡಿಯ ತುದಿಯಿಂದ ಚಿಮ್ಮುವುದಿಲ್ಲ, ಸುತ್ತ ಹರಡುತ್ತದೆ. ಒಂದು ಉದ್ದಿನವಡೆಯ ತೂತಿಗೆ ಕಡ್ಡಿ ಚುಚ್ಚಿದರೆ ವಡೆ ಯಾವ ಕಡೆ ಇರುತ್ತದೋ ಸಿಗ್ನಲ್ ಆ ಕಡೆ. ಕಡ್ಡಿ ನೆಟ್ಟಗಿದ್ದರೆ ಅದೇ ಮಹಡಿಗೆ ಚೆನ್ನಾಗಿ ಸಿಗುತ್ತದೆ, ತಲೆಯ ಮೇಲಿನ ಉಪ್ಪರಿಗೆಗೆ ಕಮ್ಮಿ. ಒಂದನ್ನು ನೆಟ್ಟಗೆ ಬಿಡಿ, ಇನ್ನೊಂದನ್ನು ಅಡ್ಡ ಮಲಗಿಸಿ. ಭಾರೀ ಬದಲಾವಣೆ ಆಗಲಿಕ್ಕಿಲ್ಲ, ಆದರೆ ಪುಕ್ಕಟೆ.

ಆಮೇಲೆ ನಿಮ್ಮ ಫೋನಿನಲ್ಲಿ ವೈಫೈ ಹೆಸರು ಎರಡು ಬರುತ್ತವೆ, ಒಂದರ ಕೊನೆಗೆ 5ಜಿ ಅಂತ ಇದೆ. ಅದು ಮೊಬೈಲಿನ 5ಜಿ ಅಲ್ಲ. 5 ಗಿಗಾಹರ್ಟ್ಸ್ ಅಂತ. ಇನ್ನೊಂದು 2.4. ಐದರದ್ದು ವೇಗ ಜಾಸ್ತಿ, ಗೋಡೆ ಅಂದರೆ ಸುಸ್ತು. 2.4ರದ್ದು ವೇಗ ಕಮ್ಮಿ, ಆದರೆ ದೂರ ಹೋಗುತ್ತದೆ, ಗೋಡೆಯನ್ನೂ ತಕ್ಕಮಟ್ಟಿಗೆ ದಾಟುತ್ತದೆ. ಹೆಸರಲ್ಲಿ 5ಜಿ ಇದೆ ಅಂತ ಎಲ್ಲರೂ ಅದಕ್ಕೇ ಜೋತುಬೀಳುತ್ತಾರೆ. ತಂಗಿ ಮೇಲಿನ ರೂಮಿನಲ್ಲಿ ಇವತ್ತೇ 2.4ರದ್ದಕ್ಕೆ ಸೇರಿಸಿ ಒಂದು ಮೀಟಿಂಗ್ ಮಾಡಿ ನೋಡಲಿ. ವಿಡಿಯೋ ಕಾಲ್‌ಗೆ 3–4 ಎಂಬಿಪಿಎಸ್ ಸಾಕು. ನಿಂತು ನಿಂತು ಬರುವ 20ಕ್ಕಿಂತ ಒಂದೇ ಸಮ ಬರುವ 5 ಒಳ್ಳೆಯದು. ಟಿವಿ ಹೇಗೂ ರೂಟರ್ ಹತ್ತಿರ ಇರುತ್ತದೆ, ಅದು ಐದರಲ್ಲೇ ಇರಲಿ. ಓವನ್ ಓಡುವಾಗ ಮಾತ್ರ 2.4 ಸ್ವಲ್ಪ ತೊದಲುತ್ತದೆ, ಯಾಕೆಂದರೆ ಮೈಕ್ರೋವೇವ್ ಓವನ್ ಕೆಲಸ ಮಾಡುವುದೂ ಸುಮಾರು 2.45 ಗಿಗಾಹರ್ಟ್ಸ್‌ನಲ್ಲೇ. ಮೀಟಿಂಗ್ ಹೊತ್ತಿಗೆ ಅನ್ನ ಬಿಸಿ ಮಾಡಬೇಡಿ, ಆಯಿತಾ?

ಭಾವ, ಅಕ್ಕ, ನಿಮ್ಮ ಫ್ಲಾಟಿನ ಕಥೆ ಬೇರೆ. ಅಲ್ಲಿ ಗೋಡೆ ತೆಳು, ಆದರೆ ಅಕ್ಕಪಕ್ಕ ಮೇಲೆ ಕೆಳಗೆ ಎಲ್ಲರ ರೂಟರೂ ಒಟ್ಟಿಗೇ ಕೂಗುತ್ತವೆ. 2.4ರೊಳಗೆ ಚಾನೆಲ್ ಅಂತ ಸಣ್ಣ ಸಣ್ಣ ದಾರಿಗಳಿವೆ, ಒಂದರ ಮೇಲೊಂದು ಬೀಳದವು ಮೂರೇ: 1, 6, 11. ಬಿಲ್ಡಿಂಗಿನಲ್ಲಿ ಎಲ್ಲರೂ 6ರಲ್ಲಿದ್ದರೆ ನೀವು 1ಕ್ಕೋ 11ಕ್ಕೋ ಹೋಗಿ. ನಡುವಿನ 3, 4, 8 ಯಾವುದನ್ನೂ ಇಡಬೇಡಿ, ಎರಡು ಕಡೆಯವರದ್ದೂ ನಿಮ್ಮ ತಲೆಗೆ ಬರುತ್ತದೆ. ಚಾನೆಲಿನ ಅಗಲ 40 ಮೆಗಾಹರ್ಟ್ಸ್ ಇದ್ದರೆ 20 ಮಾಡಿ. ನಿಮ್ಮ ಮನೆಯಲ್ಲಾದರೆ ಎಲ್ಲವನ್ನೂ ಐದರಲ್ಲಿಡುವುದೇ ಲೇಸು. ಅದು ಗೋಡೆ ದಾಟುವುದಿಲ್ಲ ಅನ್ನುವ ದೋಷವೇ ಅಲ್ಲಿ ಉಪಕಾರ, ಪಕ್ಕದವರದ್ದು ನಿಮ್ಮ ಮನೆಗೆ ಅಷ್ಟಾಗಿ ಬರುವುದಿಲ್ಲ. ಚಿಕ್ಕಮ್ಮನಿಗೆ ಈ ಚಾನೆಲ್ ತಲೆನೋವು ಇಲ್ಲ. ಹತ್ತಿರದ ಮನೆಯೇ ತೋಟದ ಆಚೆ ಇದೆ.

ಫೋನಿನ ಸಿಗ್ನಲ್ ಗೀಟು ನೋಡಿ ತೀರ್ಮಾನ ಮಾಡಬೇಡಿ. ಒಂದೊಂದು ಫೋನಿನಲ್ಲಿ ಒಂದೊಂದು ಲೆಕ್ಕ. ಆಂಡ್ರಾಯ್ಡ್‌ನಲ್ಲಿ ವೈಫೈ ಅನಲೈಸರ್ ಅಂತ ಹುಡುಕಿದರೆ ಬೇಕಾದಷ್ಟು ಆ್ಯಪ್ ಸಿಗುತ್ತವೆ, ಯಾವುದಾದರೂ ಹಾಕಿ. ಮೈನಸ್ ಸಂಖ್ಯೆ ತೋರಿಸುತ್ತದೆ, ಡಿಬಿಎಂ ಅಂತ, ಸಿಗ್ನಲಿನ ಬಲದ ಅಳತೆ ಅದು. ಸೊನ್ನೆಗೆ ಹತ್ತಿರ ಇದ್ದಷ್ಟು ಒಳ್ಳೆಯದು. ಮೈನಸ್ 50 ಭರ್ಜರಿ. 65ರವರೆಗೆ ವಿಡಿಯೋ ಕಾಲ್ ನಿಶ್ಚಿಂತೆ. 75 ದಾಟಿದರೆ ತಂಟೆ ಶುರು. 80ರ ಆಚೆ ಗೀಟು ಕಂಡರೂ ಕೆಲಸ ಆಗುವುದಿಲ್ಲ. ಮೂರು ಅಂಕ ಇಳಿದರೆ ಸಿಗ್ನಲ್ ಅರ್ಧ ಆಯಿತು ಅಂತ ಲೆಕ್ಕ, ಹಾಗಾಗಿ 70ಕ್ಕೂ 76ಕ್ಕೂ ಇರುವ ವ್ಯತ್ಯಾಸ ಸಣ್ಣದಲ್ಲ, ನಾಲ್ಕು ಪಟ್ಟು.

ಈಗ ಬೂಸ್ಟರ್ ವಿಷಯ. ಭಾವ ಬೇಜಾರು ಮಾಡಬೇಡಿ. ಅದು ಹೊಸ ಸಿಗ್ನಲ್ ಹುಟ್ಟಿಸುವುದಿಲ್ಲ, ತನಗೆ ಬಂದದ್ದನ್ನು ಮತ್ತೆ ಕಳಿಸುತ್ತದೆ ಅಷ್ಟೆ. ಎಲ್ಲರೂ ಅದನ್ನು ಸಿಗ್ನಲ್ ಇಲ್ಲದ ರೂಮಿನಲ್ಲೇ ಚುಚ್ಚುತ್ತಾರೆ. ಅಲ್ಲಿ ಅದಕ್ಕೂ ಸಿಗ್ನಲ್ ಇಲ್ಲ! ಫೋನಿನಲ್ಲಿ ಗೀಟು ಫುಲ್ ಬರುತ್ತದೆ, ನೆಟ್ ಮಾತ್ರ ಬರುವುದಿಲ್ಲ. ಇಡುವುದಾದರೆ ಅರ್ಧ ದಾರಿಯಲ್ಲಿ, ಮೈನಸ್ 60–65 ಸಿಗುವ ಜಾಗದಲ್ಲಿ ಇಡಬೇಕು. ಅಗ್ಗದ ಬೂಸ್ಟರಿನಲ್ಲಿ ಕೇಳುವುದಕ್ಕೂ ಹೇಳುವುದಕ್ಕೂ ಒಂದೇ ರೇಡಿಯೋ ಇರುತ್ತದೆ, ಹಾಗಾಗಿ ವೇಗ ಅಲ್ಲೇ ಅರ್ಧ. ಅಡುಗೆಮನೆಗೆ ಸಾಕಾದೀತು. ಉಪ್ಪರಿಗೆಗೆ ನಡುವೆ ಸ್ಲ್ಯಾಬ್ ಇದೆ, ಸ್ಲ್ಯಾಬಿನೊಳಗೆ ಕಬ್ಬಿಣದ ಸರಳಿನ ಬಲೆ ಇದೆ. ಅಲ್ಲಿಗೆ ನಾನು ಬೂಸ್ಟರ್ ಹೇಳುವುದಿಲ್ಲ. ಮೆಶ್ ಅಂತ ಎರಡು ಮೂರು ಡಬ್ಬಿಯ ಸೆಟ್ ಬರುತ್ತದಲ್ಲ, ಅದು ಇದಕ್ಕಿಂತ ಜಾಣ, ಬೆಲೆಯೂ ಜಾಸ್ತಿ. ಆದರೆ ಅದೂ ನಿಮ್ಮ ಸ್ಲ್ಯಾಬನ್ನು ಗಾಳಿಯಲ್ಲೇ ದಾಟಬೇಕು.

ಉಪ್ಪರಿಗೆಗೆ ಸರಿಯಾದ ಮದ್ದು ವೈರ್. ಕ್ಯಾಟ್ 6 ಅನ್ನುವ ನೆಟ್‌ವರ್ಕ್ ಕೇಬಲ್, ಕೆಳಗಿನ ರೂಟರಿನಿಂದ ಮೇಲಿನ ರೂಮಿಗೆ. 100 ಮೀಟರ್ ತನಕ ಒಂದೇ ತುಂಡು ಎಳೆಯಬಹುದು, ನಿಮಗೆ ಅದರಲ್ಲಿ ಕಾಲುಭಾಗವೂ ಬೇಡ. ಪೂರ್ತಿ ತಾಮ್ರದ್ದೇ ಕೇಳಿ ತನ್ನಿ. ಅಲ್ಯೂಮಿನಿಯಂ ಮೇಲೆ ತಾಮ್ರ ಬಳಿದ ಅಗ್ಗದ ಮಾಲೂ ಅದೇ ಹೆಸರಲ್ಲಿ ಸಿಗುತ್ತದೆ, ಅದು ಬೇಡ. ಹೊಸ ರೂಮು ಕಟ್ಟುವಾಗ ಎಲೆಕ್ಟ್ರಿಷಿಯನ್ ಒಂದು ಖಾಲಿ ಪೈಪ್ ಬಿಟ್ಟಿದ್ದಾನಾ ಅಂತ ಚಿಕ್ಕಪ್ಪ ನೆನಪು ಮಾಡಿಕೊಳ್ಳಲಿ. ಕರೆಂಟಿನ ವೈರ್ ಇರುವ ಪೈಪಿನೊಳಗೆ ತೂರಿಸಬೇಡಿ. ಮನೆಯ ಒಳಗಿನಿಂದಲೇ, ಮೆಟ್ಟಿಲ ಪಕ್ಕ ತೆಗೆದುಕೊಂಡು ಹೋದರೆ ಒಳ್ಳೆಯದು, ಮಾಡಿನ ಹೊರಗಿನಿಂದ ಬೇಡ. ಯಾಕೆ ಅಂತೀರಾ, ಸಿಡಿಲು. ಪುತ್ತೂರಿನ ಕಡೆ ಏಪ್ರಿಲ್–ಮೇಯ ಗುಡುಗು ಹೇಗೆ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ. ಫೈಬರಿನ ಗಾಜು ಕರೆಂಟ್ ಸಾಗಿಸುವುದಿಲ್ಲ, ತಾಮ್ರ ಸಾಗಿಸುತ್ತದೆ. ಹತ್ತಿರ ಎಲ್ಲೋ ಸಿಡಿಲು ಬಡಿದರೂ ಹೊರಗೆ ಉದ್ದಕ್ಕೆ ಚಾಚಿದ ಕೇಬಲಿನಲ್ಲಿ ಒಮ್ಮೆಲೇ ಕರೆಂಟ್ ಹುಟ್ಟಿ ಎರಡೂ ತುದಿಯ ಡಬ್ಬಿ ಸುಟ್ಟುಹೋಗಬಹುದು. ಮೋಡ ಕಟ್ಟಿತು ಅಂದರೆ ಪ್ಲಗ್ ಮಾತ್ರ ಅಲ್ಲ, ಈ ಕೇಬಲನ್ನೂ ಕಿತ್ತಿಡಿ. ಗುಡುಗು ಶುರುವಾದ ಮೇಲೆ ಹೋಗಿ ಮುಟ್ಟಬೇಡಿ, ಮೊದಲೇ ಮಾಡಿ.

ಮೇಲೆ ಹಾಕಲು ಹೊಸ ಡಬ್ಬಿ ಬೇಡ. ಹಿಂದಿನ ಕನೆಕ್ಷನ್ನಿನ ರೂಟರ್ ಕಪಾಟಿನಲ್ಲಿದೆ ಅಂತ ತಂಗಿ ಹೇಳಿದ್ದಳು. 2.4 ಮಾತ್ರ ಕೊಡುವ ಹಳೇದಾದರೂ ಒಂದು ರೂಮಿಗೆ ಧಾರಾಳ ಆಯಿತು. ತಂಗಿ, ಇದು ನಿನಗೆ. ಸೆಟ್ಟಿಂಗ್ಸ್‌ನಲ್ಲಿ ಆ್ಯಕ್ಸೆಸ್ ಪಾಯಿಂಟ್ ಮೋಡ್, ಅಂದರೆ ಕೇಬಲಿನಲ್ಲಿ ಬಂದ ನೆಟ್ಟನ್ನು ಬರೀ ವೈಫೈ ಮಾಡಿ ಕೊಡುವ ಮೋಡ್, ಇದ್ದರೆ ಅದನ್ನು ಆರಿಸು, ಕೆಲಸ ಮುಗಿಯಿತು. ಇಲ್ಲದಿದ್ದರೆ ಮೊದಲು ಲ್ಯಾಪ್‌ಟಾಪಿಗೆ ಆ ಹಳೇ ರೂಟರ್ ಒಂದನ್ನೇ ಜೋಡಿಸಿ ಅದರ ನೆಟ್‌ವರ್ಕ್ ವಿಳಾಸ ಬದಲಿಸು. ಕೆಳಗಿನದ್ದು 192.168.1.1 ಆಗಿದ್ದರೆ ಇದಕ್ಕೆ 192.168.1.2 ಕೊಡು. ಫೋನು, ಲ್ಯಾಪ್‌ಟಾಪಿಗೆಲ್ಲ ವಿಳಾಸ ಹಂಚುವ ಡಿಎಚ್‌ಸಿಪಿ ಆಫ್ ಮಾಡು. ಎರಡು ಡಬ್ಬಿಯೂ ವಿಳಾಸ ಹಂಚಲು ಕೂತರೆ ಮನೆಯಲ್ಲಿ ಯಾರಿಗೂ ನೆಟ್ ಸರಿಯಾಗಿ ಬರುವುದಿಲ್ಲ. ಕೊನೆಗೆ ಕೆಳಗಿನಿಂದ ಬಂದ ಕೇಬಲನ್ನು ಲ್ಯಾನ್ ತೂತಿಗೇ ಹಾಕು, ಬಣ್ಣ ಬೇರೆ ಇರುವ ವ್ಯಾನ್ ತೂತಿಗೆ ಅಲ್ಲ. ವೈಫೈ ಹೆಸರು, ಪಾಸ್‌ವರ್ಡ್ ಕೆಳಗಿನದ್ದೇ ಇರಲಿ, ಚಾನೆಲ್ ಮಾತ್ರ ಬೇರೆ. ಕೆಳಗೆ 1 ಇದ್ದರೆ ಮೇಲೆ 11. ಆಮೇಲೂ ಕೆಲವು ಫೋನ್ ಉಪ್ಪರಿಗೆಗೆ ಹತ್ತಿದರೂ ಕೆಳಗಿನ ಡಬ್ಬಿಯನ್ನೇ ಹಿಡಿದುಕೊಂಡಿರುತ್ತವೆ. ಒಮ್ಮೆ ವೈಫೈ ಆಫ್ ಮಾಡಿ ಆನ್ ಮಾಡಿದರೆ ಸಾಕು.

ಎರಡೂ ಡಬ್ಬಿ ಇನ್ವರ್ಟರ್ ಲೈನಿನಲ್ಲಿ ಇರಬೇಕು, ಇಲ್ಲದಿದ್ದರೆ ಕರೆಂಟ್ ಹೋದಾಗ ಕೆಳಗೆ ನೆಟ್ ಇದ್ದು ಮೇಲೆ ಹೋಗುತ್ತದೆ. ಮೇಲಿನ ರೂಮಿನ ಪ್ಲಗ್‌ಗೆ ಇನ್ವರ್ಟರ್ ಬರುತ್ತದಾ ನೋಡಿ.

ಇವತ್ತು ರಾತ್ರಿ ಸ್ಪೀಡ್ ಟೆಸ್ಟಿನ ಮೂರು ಸಂಖ್ಯೆ ಗ್ರೂಪಿಗೆ ಹಾಕಿ: ಚಾವಡಿ, ಅಡುಗೆಮನೆ, ಉಪ್ಪರಿಗೆ. ಜೊತೆಗೆ ಮೈನಸ್ ಸಂಖ್ಯೆಯೂ ಇರಲಿ. ರೂಟರಿನ ಹಿಂಭಾಗದ್ದು ಒಂದು ಫೋಟೋ ತೆಗೆದು ನನಗೆ ಮಾತ್ರ ಕಳಿಸಿ, ಆ ಸ್ಟಿಕ್ಕರಿನಲ್ಲಿ ಪಾಸ್‌ವರ್ಡ್ ಬರೆದಿರುತ್ತದೆ. ಜಾಗ ಬದಲಿಸಿದ ಮೇಲೆ ಮತ್ತೊಮ್ಮೆ ಅಳೆಯಿರಿ. ಅಡುಗೆಮನೆಗೆ ಅಷ್ಟರಲ್ಲೇ ಸರಿಯಾದರೆ ಉಪ್ಪರಿಗೆಯದ್ದು ಮಾತ್ರ ಉಳಿಯುತ್ತದೆ, ಭಾನುವಾರ ತಂಗಿಯ ಜೊತೆ ವಿಡಿಯೋ ಕಾಲ್‌ನಲ್ಲಿ ಕೂತು ಆ ಹಳೇ ರೂಟರ್ ಸೆಟ್ ಮಾಡುತ್ತೇನೆ. ಕೇಬಲ್ ಎಷ್ಟು ಮೀಟರ್ ಬೇಕು ಅಂತ ಚಿಕ್ಕಪ್ಪ ಮೆಟ್ಟಿಲಿನ ಕಡೆಯಿಂದ ಒಂದು ಹಗ್ಗ ಹಿಡಿದು ಅಳೆದಿಟ್ಟಿರಲಿ, ಎರಡು ಮೀಟರ್ ಜಾಸ್ತಿಯೇ ಇರಲಿ.