ಕಂಪನಿ ಮರೆತ ಮಾದರಿ: ಕೊಳ್ಳುವುದೋ, ಕಾಯುವುದೋ?

ಕೇಳಿದವರು: ಪುಟವಿನ್ಯಾಸ, ಶಿವಮೊಗ್ಗ

ನಮ್ಮದು ಪುಸ್ತಕ, ಲಗ್ನಪತ್ರಿಕೆ, ಸ್ಮರಣ ಸಂಚಿಕೆಗಳ ಪುಟ ಕಟ್ಟುವ ಚಿಕ್ಕ ಅಂಗಡಿ. ಎರಡು ಡೆಸ್ಕ್‌ಟಾಪ್, ಒಂದು ಲ್ಯಾಪ್‌ಟಾಪ್ ಇವೆ, ಮೂರೂ ಒಂದೇ ಕಂಪನಿಯವು. ಹನ್ನೊಂದು ವರ್ಷದಿಂದ ಬೇರೆ ಕಡೆ ಮುಖ ಮಾಡಿಲ್ಲ. ಕಂಪನಿಯ ಹೆಸರನ್ನು ಬೇಕೆಂದೇ ಹೇಳುತ್ತಿಲ್ಲ. ಹೇಳಿದ ಕ್ಷಣ ಅದರ ಅಭಿಮಾನಿಗಳೂ ವಿರೋಧಿಗಳೂ ಜಗಳಕ್ಕೆ ನಿಂತು ನನ್ನ ಪ್ರಶ್ನೆ ಮೂಲೆಗೆ ಬೀಳುತ್ತದೆ.

ಸಂಕಟ ಇಷ್ಟು. ನಾವು ಬಳಸುವ ಡೆಸ್ಕ್‌ಟಾಪ್ ಮಾದರಿಯನ್ನು ಆ ಕಂಪನಿ ಮೂರೂವರೆ ವರ್ಷದಿಂದ ಮುಟ್ಟಿಲ್ಲ. ಅದೇ ಪ್ರೊಸೆಸರ್, ಅದೇ ಪೆಟ್ಟಿಗೆ, ಅದೇ ಬೆಲೆ. ಲ್ಯಾಪ್‌ಟಾಪಿನದೂ ಹೆಚ್ಚುಕಡಿಮೆ ಅದೇ ಕತೆ. ಜಾಹೀರಾತಿನ ತುಂಬ ಆಟವಾಡುವ ಹುಡುಗರಿಗೆಂದು ಮಾಡಿದ ಬಣ್ಣದ ದೀಪದ ಯಂತ್ರಗಳು. ನಮ್ಮಂಥವರು ಕೊಳ್ಳುವ ಸಾಲಿಗೆ ಮಲತಾಯಿ ಧೋರಣೆ. ಅಂಗಡಿಯವರನ್ನು ಕೇಳಿದರೆ ‘ಮುಂದಿನ ತಿಂಗಳು ಹೊಸದು ಬರುತ್ತದೆ, ತಾಳಿ’ ಎನ್ನುತ್ತಾರೆ. ಕಳೆದ ಯುಗಾದಿಗೂ ಇದನ್ನೇ ಹೇಳಿದ್ದರು. ಹಿಂದೆ ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆದು ದೆವ್ವವನ್ನು ಸಾಗಹಾಕುತ್ತಿದ್ದರಲ್ಲ, ಆ ದೆವ್ವದ ಪಾಡು ನನ್ನದಾಗಿದೆ.

ಈ ನಡುವೆ 312 ಪುಟದ ಒಂದು ಊರಿನ ಚರಿತ್ರೆ ಕೈಯಲ್ಲಿದೆ. ತುಂಬ ಹಳೆಯ ಫೋಟೊಗಳಿವೆ. ಪುಟ ತಿರುಗಿಸಿದರೆ ಚಿತ್ರವಿರಬೇಕಾದ ಕಡೆ ಒಂದು ಬೂದು ಚೌಕ. ಒಂದು ಗುಟುಕು ಕಾಫಿ ಕುಡಿದು ಲೋಟ ಕೆಳಗಿಟ್ಟ ಮೇಲೆ ಅದರಲ್ಲಿ ಮೊದಲು ಯಾರದೋ ಪೇಟ, ಆಮೇಲೆ ಮೀಸೆ, ಆಮೇಲೆ ಮುಖ ಮೂಡುತ್ತದೆ. ಹಳೆಯ ಮಾದರಿಯನ್ನೇ ಪೂರ್ತಿ ಬೆಲೆ ಕೊಟ್ಟು ಕೊಳ್ಳಲೇ, ಇನ್ನೂ ಕಾಯಲೇ, ಕಂಪನಿಯನ್ನೇ ಬದಲಿಸಲೇ? ಅನುಭವ ಇದ್ದವರು ದಯವಿಟ್ಟು ತಿಳಿಸಿ.

ಉತ್ತರ: ವಿಡಿಯೊ ಸಂಕಲನ, ಬೆಂಗಳೂರು

ಹೆಸರು ಹೇಳದಿದ್ದುದೇ ಒಳ್ಳೆಯದಾಯಿತು ಸರ್. ನಾನು ಹೇಳುವುದು ಆ್ಯಪಲ್‌ನ ಕತೆ. ಅದೂ ನನ್ನ ಮನೆಯ ಕತೆಯಲ್ಲ, ಜಗತ್ತೆಲ್ಲ ನೋಡಿದ್ದು. ಕಾಯುವವರಿಗೆ ಏನಾಗುತ್ತದೆ ಎಂದು ತಿಳಿಯಲು ಆ ಕಂಪನಿಯ 2013ರಿಂದ 2019ರವರೆಗಿನ ಕಾಲವನ್ನು ಒಮ್ಮೆ ನೋಡಿದರೆ ಸಾಕು.

2013ರ ಡಿಸೆಂಬರಿನಲ್ಲಿ ಹೊಸ ಮ್ಯಾಕ್ ಪ್ರೊ, ಅಂದರೆ ವೃತ್ತಿಪರರಿಗೆಂದು ಮಾಡಿದ ಆ್ಯಪಲ್ ಡೆಸ್ಕ್‌ಟಾಪ್, ಬಂತು. ಒಂದು ಅಡಿಯೂ ಎತ್ತರವಿಲ್ಲದ ಕಪ್ಪು ಸಿಲಿಂಡರ್. ನೋಡಲು ಚೆಂದ, ಜನ ಮಾತ್ರ ಅದಕ್ಕೆ ಕಸದ ಡಬ್ಬಿ ಎಂದು ಹೆಸರಿಟ್ಟರು. ಒಳಗೆ ಮೂರು ಮುಖದ ಲೋಹದ ಕಂಬ. ಒಂದು ಮುಖಕ್ಕೆ ಪ್ರೊಸೆಸರ್, ಉಳಿದೆರಡಕ್ಕೆ ಒಂದೊಂದು ಗ್ರಾಫಿಕ್ಸ್ ಕಾರ್ಡ್. ಮೂರರ ಬಿಸಿಯನ್ನೂ ತಲೆಯ ಮೇಲಿನ ಒಂದೇ ಫ್ಯಾನ್ ಹೊರಗೆಳೆಯಬೇಕು. ಮುಂದೆ ಕೆಲಸದ ರೀತಿ ಬದಲಾಯಿತು. ಎರಡು ಸಾಧಾರಣ ಕಾರ್ಡ್‌ಗಳಿಗಿಂತ ಒಂದೇ ದೊಡ್ಡ, ಹೆಚ್ಚು ಬಿಸಿಯಾಗುವ ಕಾರ್ಡ್ ಬೇಕೆನಿಸಿತು. ಅದನ್ನು ಆ ಕಂಬ ತಾಳುವಂತಿರಲಿಲ್ಲ. 2017ರ ಏಪ್ರಿಲ್‌ನಲ್ಲಿ ಫಿಲ್ ಶಿಲ್ಲರ್, ಕ್ರೇಗ್ ಫೆಡರಿಗಿ ಮೊದಲಾದ ಆ್ಯಪಲ್‌ನ ಹಿರಿಯ ಅಧಿಕಾರಿಗಳು ಬೆರಳೆಣಿಕೆಯ ಪತ್ರಕರ್ತರನ್ನು ಕರೆಸಿ, ತಾವೇ ಕಟ್ಟಿದ ಗೂಡಿನಲ್ಲಿ ತಾವೇ ಸಿಕ್ಕಿಕೊಂಡಿದ್ದನ್ನು ಒಪ್ಪಿಕೊಂಡರು. ಹೊಸದನ್ನು ಮಾಡುತ್ತಿದ್ದೇವೆ, ಆದರೆ ಈ ವರ್ಷ ಬರುವುದಿಲ್ಲ ಎಂದರು. ಬಂದದ್ದು 2019ರ ಡಿಸೆಂಬರಿನಲ್ಲಿ. ಹಳೆಯದರ ಆರಂಭದ ಬೆಲೆ 2,999 ಡಾಲರ್, ಹೊಸದರದು 5,999. ಅದಾಗಿ ಆರು ತಿಂಗಳಿಗೆ, 2020ರ ಜೂನ್‌ನಲ್ಲಿ, ಇಂಟೆಲ್ ಕಂಪನಿಯ ಪ್ರೊಸೆಸರ್ ಬಿಟ್ಟು ತಮ್ಮದೇ ಚಿಪ್‌ಗೆ ಹೋಗುವುದಾಗಿ ಸಾರಿದರು. ಆರು ವರ್ಷ ಕಾದು ಇಂಟೆಲ್ ಯಂತ್ರ ಕೊಂಡವನ ಮುಖವನ್ನು ನೆನೆಸಿಕೊಳ್ಳಿ.

ಅವರದೇ ಚಿಕ್ಕ, ಅಗ್ಗದ ಡೆಸ್ಕ್‌ಟಾಪ್ ಮ್ಯಾಕ್ ಮಿನಿಯ ಕತೆ ನಿಮಗೆ ಇನ್ನೂ ಹತ್ತಿರದ್ದು. 2012ರ ಮಿನಿಯಲ್ಲಿ ನಾಲ್ಕು ಕೋರ್‌ನ ಪ್ರೊಸೆಸರ್ ಸಿಗುತ್ತಿತ್ತು, ರ್‍ಯಾಮ್ ಅನ್ನು ನಾವೇ ಹೆಚ್ಚಿಸಿಕೊಳ್ಳಬಹುದಿತ್ತು. 2014ರ ಅಕ್ಟೋಬರಿನಲ್ಲಿ ಬಂದ ‘ಹೊಸ’ ಮಿನಿಯಲ್ಲಿ ನಾಲ್ಕು ಕೋರ್ ಇರಲಿಲ್ಲ, ರ್‍ಯಾಮ್ ಬೋರ್ಡಿಗೆ ಬೆಸೆದುಹೋಗಿತ್ತು. ಹೊಸದನ್ನು ಬಿಟ್ಟು ಹಳೆಯದನ್ನು ಹುಡುಕಿಕೊಂಡು ಹೋಗುವ ಕಾಲ ಬಂತು. ಅಂಥ ಮಿನಿಯನ್ನೇ ನಾಲ್ಕು ವರ್ಷ ಮಾರಿದರು. 2018ರ ಅಕ್ಟೋಬರಿನಲ್ಲಿ ನಿಜಕ್ಕೂ ಒಳ್ಳೆಯ ಮಿನಿ ಬಂತು, ಆದರೆ ಆರಂಭದ ಬೆಲೆ 499 ಡಾಲರ್‌ನಿಂದ 799ಕ್ಕೆ ಏರಿತ್ತು. ಅದೇ ಅವಧಿಯಲ್ಲಿ ಮ್ಯಾಕ್‌ಬುಕ್ ಏರ್ 2015ರಲ್ಲಿ ಇದ್ದಲ್ಲೇ ಇತ್ತು. 2017ರಲ್ಲಿ ಪ್ರೊಸೆಸರ್ ವೇಗವನ್ನು ಒಂದಿಷ್ಟು ಏರಿಸಿ ಮೂಗಿಗೆ ತುಪ್ಪ ಸವರಿದರು.

ಇದರಲ್ಲಿ ನಾನು ಕಲಿತದ್ದು ಒಂದು ಲೆಕ್ಕ. ಯಂತ್ರದ ವಯಸ್ಸನ್ನು ನೀವು ಪೆಟ್ಟಿಗೆ ಒಡೆದ ದಿನದಿಂದ ಎಣಿಸಬೇಡಿ, ಆ ಮಾದರಿ ಹುಟ್ಟಿದ ದಿನದಿಂದ ಎಣಿಸಿ. 2022ರಲ್ಲಿ ಬಂದ ಮ್ಯಾಕ್‌ನ ವೆಂಚುರಾ ಕಾರ್ಯಾಚರಣ ವ್ಯವಸ್ಥೆ 2013ರ ಮ್ಯಾಕ್ ಪ್ರೊವನ್ನೂ 2014ರ ಮಿನಿಯನ್ನೂ ಹೊರಗಿಟ್ಟಿತು. ಆ ಸಿಲಿಂಡರನ್ನು 2019ರಲ್ಲಿ ಕೊಂಡವನಿಗೆ ಹೊಸ ವ್ಯವಸ್ಥೆಗಳು ಸಿಕ್ಕಿದ್ದು ಮೂರೇ ವರ್ಷ. 2013ರಲ್ಲಿ ಕೊಂಡವನಿಗೆ ಒಂಬತ್ತು. ಬಿಡಿಭಾಗಗಳ ಲೆಕ್ಕ ಮಾತ್ರ ತಿರುವುಮುರುವು. ಆ್ಯಪಲ್‌ನಲ್ಲಿ ಅದು ಮಾರಾಟ ನಿಲ್ಲಿಸಿದ ದಿನದಿಂದ ಶುರುವಾಗುತ್ತದೆ, ಐದು ವರ್ಷ ದಾಟಿದ ಮೇಲೆ ಮಾದರಿ ಹಳೆಯ ಸಾಮಾನಿನ ಪಟ್ಟಿಗೆ ಸೇರುತ್ತದೆ. ನಿಮ್ಮ ಕಂಪನಿಯಲ್ಲಿ ಈ ಎರಡು ಗಡಿಯಾರಗಳು ಹೇಗೆ ಓಡುತ್ತವೆ ಎಂದು ಮೊದಲು ಕೇಳಿ. ಬೆಲೆಯ ಚೌಕಾಶಿ ಆಮೇಲೆ.

ಉತ್ತರ: ರಿಪೇರಿ, ಎಸ್.ಪಿ. ರಸ್ತೆ, ಬೆಂಗಳೂರು

ಮೇಲಿನವರು ಹೇಳಿದ್ದು ಸರಿ. ಆದರೆ ನಿಮ್ಮ ಬೂದು ಚೌಕದ ವರ್ಣನೆ ಓದಿದರೆ ಪ್ರೊಸೆಸರ್ ಮೇಲೆ ನನಗೆ ಅನುಮಾನ ಬರುವುದಿಲ್ಲ. ಅದು ತಿರುಗುವ ಹಾರ್ಡ್‌ಡಿಸ್ಕ್ ಅಥವಾ ರ್‍ಯಾಮ್ ಕೊರತೆ. ಪುಟ ತಿರುಗಿಸುವಾಗ ಡಬ್ಬಿಗೆ ಕಿವಿಯಿಟ್ಟು ಕೇಳಿ. ಅಕ್ಕಿ ಕೆರೆದಂತೆ ಕರಕರ ಸದ್ದು ಬಂದರೆ ಡಿಸ್ಕ್ ಓದಲು ಹೆಣಗಾಡುತ್ತಿದೆ. ಡೆಸ್ಕ್‌ಟಾಪ್ ತಾನೆ, ಮುಚ್ಚಳ ತೆಗೆಯಲು ಎರಡು ತಿರುಪು. ಎಸ್‌ಎಸ್‌ಡಿ (ತಿರುಗುವ ಭಾಗವಿಲ್ಲದ, ವೇಗದ ಡಿಸ್ಕ್) ಹಾಕಿಸಿ, ರ್‍ಯಾಮ್ ಖಾಲಿ ಸ್ಲಾಟ್ ಇದ್ದರೆ ತುಂಬಿಸಿ. ಹೊಸ ಯಂತ್ರದ ಬೆಲೆಗೆ ಹೋಲಿಸಿದರೆ ಖರ್ಚು ತುಂಬ ಕಡಿಮೆ. ಹಳೆಯ ಡಿಸ್ಕನ್ನು ಮಾತ್ರ ಎಸೆಯಬೇಡಿ, ಆರು ತಿಂಗಳು ಬೀರುವಿನಲ್ಲಿರಲಿ.

ಲ್ಯಾಪ್‌ಟಾಪ್ ವಿಷಯ ಬೇರೆ. ಅದನ್ನು ಮುಚ್ಚಿ ಗಾಜಿನ ಮೇಜಿನ ಮೇಲಿಟ್ಟು ಒಂದು ಮೂಲೆ ಒತ್ತಿ ನೋಡಿ. ತೂಗಾಡಿದರೆ ಅಥವಾ ಟಚ್‌ಪ್ಯಾಡ್ ಒತ್ತಲು ಬಿಗಿಯಾಗಿದ್ದರೆ ಬ್ಯಾಟರಿ ಉಬ್ಬಿದೆ ಎಂದುಕೊಳ್ಳಿ, ಕೂಡಲೇ ಚಾರ್ಜ್ ಮಾಡುವುದನ್ನು ನಿಲ್ಲಿಸಿ. ಕಂಪನಿ ಮರೆತ ಮಾದರಿಗಳಲ್ಲಿ ನಾವು ಹೆಚ್ಚು ಪರದಾಡುವುದು ಬ್ಯಾಟರಿಗೆ ಮತ್ತು ಹಿಂಜ್‌ಗೆ. ಕಳೆದ ತಿಂಗಳು ಒಬ್ಬ ಮೇಷ್ಟ್ರ ಲ್ಯಾಪ್‌ಟಾಪಿಗೆ ಮೂಲ ಬ್ಯಾಟರಿ ಎಲ್ಲೂ ಸಿಗದೆ, ಪರದೆ ಒಡೆದು ಬಿದ್ದಿದ್ದ ಇನ್ನೊಂದು ಯಂತ್ರದಿಂದ ಬಿಚ್ಚಿ ಹಾಕಿದೆ. ಕಂಪನಿಯ ಸರ್ವಿಸ್ ಸೆಂಟರ್ ಅವರಿಗೆ ‘ಹೊಸದು ಕೊಳ್ಳಿ’ ಎಂದಿತ್ತಂತೆ. ಯಾವ ಹೊಸದು? ಅಂಗಡಿಯಲ್ಲಿದ್ದದ್ದೂ ಅದೇ ಮಾದರಿ.

ಉತ್ತರ: ಲೆಕ್ಕಪತ್ರ, ಹುಬ್ಬಳ್ಳಿ

ರಿಯಾಯಿತಿಯ ಆಸೆಗೆ ಬಿದ್ದವನ ಮಾತು ಇದು. 2018ರಲ್ಲಿ ಅಂಗಡಿಯೊಂದು ದಾಸ್ತಾನು ಖಾಲಿ ಮಾಡುತ್ತಿದ್ದಾಗ ನಮ್ಮ ಕಚೇರಿಗೆ ನಾಲ್ಕು ಡೆಸ್ಕ್‌ಟಾಪ್ ತಂದೆ. ಇಂಟೆಲ್‌ನ 7ನೇ ತಲೆಮಾರಿನ ಪ್ರೊಸೆಸರ್. ಆಗಲೇ 8ನೆಯದು ಬಂದಿತ್ತು. ಎಕ್ಸೆಲ್‌ಗೆ ಯಾವುದಾದರೇನು ಎಂದುಕೊಂಡೆ. 2021ರಲ್ಲಿ ವಿಂಡೋಸ್ 11 ಬಂದಾಗ ತಿಳಿಯಿತು, ಕೆಲವು ವಿನಾಯಿತಿ ಬಿಟ್ಟರೆ ಅದಕ್ಕೆ ಕನಿಷ್ಠ 8ನೇ ತಲೆಮಾರು ಬೇಕು. ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ, ಅಂದರೆ ಭದ್ರತೆಯ ಲೋಪಗಳನ್ನು ಉಚಿತವಾಗಿ ಸರಿಪಡಿಸಿಕೊಡುವುದು, 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ನಾಲ್ಕೂ ಯಂತ್ರ ಗುಂಡುಕಲ್ಲಿನಂತಿವೆ, ಆದರೆ ಗ್ರಾಹಕರ ತೆರಿಗೆ ಕಡತ ಇಟ್ಟುಕೊಂಡು ಅವನ್ನು ಜಾಲಕ್ಕೆ ಜೋಡಿಸಲು ಧೈರ್ಯವಿಲ್ಲ. ಆ ದಿನ ಉಳಿಸಿದ್ದು ಒಂದು ಯಂತ್ರಕ್ಕೆ ಮೂರೂವರೆ ಸಾವಿರ.

ಜಿಎಸ್‌ಟಿ ನೋಂದಣಿ ಇದ್ದರೆ ನಿಮ್ಮ ಅಂಗಡಿಯ ಹೆಸರಿನಲ್ಲೇ ಬಿಲ್ ಮಾಡಿಸಿ, 18% ಹೂಡುವಳಿ ತೆರಿಗೆ ಜಮೆ (ಕೊಳ್ಳುವಾಗ ಕೊಟ್ಟ ತೆರಿಗೆಯನ್ನು ನೀವು ಕಟ್ಟುವ ತೆರಿಗೆಯಲ್ಲಿ ಕಳೆಯುವುದು) ಸಿಗುತ್ತದೆ. ಕಂಪ್ಯೂಟರಿಗೆ ಆದಾಯ ತೆರಿಗೆಯಲ್ಲಿ ಸವಕಳಿ ವರ್ಷಕ್ಕೆ 40%. ಸರ್ಕಾರವೇ ಅದು ಇಷ್ಟು ಬೇಗ ಸವೆಯುತ್ತದೆ ಎಂದು ಒಪ್ಪಿರುವಾಗ, ಮೂರೂವರೆ ವರ್ಷದ ಮಾದರಿಗೆ ಪೂರ್ತಿ ಬೆಲೆ ಕೇಳುವವರಿಗೆ ಏನೆನ್ನೋಣ?

ಉತ್ತರ: ಚಿಪ್ ವಿನ್ಯಾಸ, ಸ್ಯಾನ್ ಹೊಸೆ

ಕಂಪನಿಗಳ ಒಳಗಿನಿಂದ ಒಂದು ಮಾತು. ಮರೆವು ಎನ್ನುತ್ತೀರಿ, ಅದು ಬಹಳ ಸಲ ಲೆಕ್ಕಾಚಾರ. ಆ್ಯಪಲ್‌ನ 2017ರ ಹಣಕಾಸು ವರ್ಷದ ಆದಾಯ ಸುಮಾರು 229 ಶತಕೋಟಿ ಡಾಲರ್. ಅದರಲ್ಲಿ ಮ್ಯಾಕ್‌ನ ಪಾಲು ಸುಮಾರು 26, ಐಫೋನ್‌ನದು 141. ಒಳ್ಳೆಯ ಎಂಜಿನಿಯರುಗಳು ಯಾವ ಕಡೆ ಹೋಗುತ್ತಾರೆಂದು ಊಹಿಸಿ. ಎಲ್ಲ ತಪ್ಪೂ ಯಂತ್ರ ಮಾಡುವವರದೇ ಅಲ್ಲ. ಇಂಟೆಲ್‌ನ 10 ನ್ಯಾನೊಮೀಟರ್ ಚಿಪ್ (ಹಿಂದಿನದಕ್ಕಿಂತ ಸೂಕ್ಷ್ಮವಾಗಿ ಕೆತ್ತಿದ್ದು) ಮೊದಲ ಯೋಜನೆಯಂತೆ 2016ರ ಹೊತ್ತಿಗೇ ಬರಬೇಕಿತ್ತು, ದೊಡ್ಡ ಪ್ರಮಾಣದಲ್ಲಿ ಬಂದದ್ದು 2019ರಲ್ಲಿ. ಒಲೆಯ ಮೇಲೆ ಅನ್ನವೇ ಬೇಯದಿದ್ದರೆ ಬಡಿಸುವವರೇನು ಮಾಡುತ್ತಾರೆ? ಹಾಗೆಂದು ಹಳಸಿದ್ದನ್ನು ಹೊಸ ಬೆಲೆಗೆ ಬಡಿಸಬೇಕಾಗಿಯೂ ಇರಲಿಲ್ಲ.

ಉತ್ತರ: ಮುದ್ರಣಾಲಯ, ಮಂಗಳೂರು

ಬದಲಿಸಿದವಳು ನಾನು. ಸಿಟ್ಟಿನಲ್ಲಿ ಬದಲಿಸಿದೆ, ಆದ್ದರಿಂದ ನಿಧಾನವಾಗಿ ಹೇಳುತ್ತೇನೆ.

ನಮ್ಮ ಕಂಪನಿ ಬೇರೆ, ರಗಳೆ ಇದೇ. ಸಾಕಾಗಿ ಒಂದೇ ವಾರದಲ್ಲಿ ಯಂತ್ರ, ತಂತ್ರಾಂಶ ಎರಡನ್ನೂ ಬದಲಾಯಿಸಿದೆ. ಯಂತ್ರಗಳು ಮಿಂಚಿನಂತಿದ್ದವು. ಮೂರನೆಯ ದಿನ ಹಳೆಯ ಗ್ರಾಹಕರೊಬ್ಬರು ತಮ್ಮ ತಂದೆಯ ಪುಸ್ತಕದ ಎರಡನೆಯ ಮುದ್ರಣ ಬೇಕೆಂದು ಬಂದರು. ಕಡತ ತೆರೆದರೆ ಕನ್ನಡವೇ ಇಲ್ಲ, ಲ್ಯಾಟಿನ್ ಚಿಹ್ನೆಗಳ ಸಂತೆ. ಯೂನಿಕೋಡ್‌ಗೆ (ಎಲ್ಲ ಭಾಷೆಗಳ ಅಕ್ಷರಗಳಿಗೂ ಪ್ರತ್ಯೇಕ ಸಂಖ್ಯೆ ಕೊಡುವ ಈಗಿನ ಪದ್ಧತಿ) ಮುಂಚಿನ ಫಾಂಟ್‌ಗಳಲ್ಲಿ ಅಕ್ಷರಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕುಳಿತಿರುತ್ತವೆ ಎಂಬುದು ನಿಮಗೆ ಗೊತ್ತೇ ಇದೆ. ಪರಿವರ್ತಕಕ್ಕೆ ಹಾಕಿದೆವು. ಮೇಲ್ನೋಟಕ್ಕೆ ಎಲ್ಲ ಸರಿಯಾಯಿತು. ಓದುತ್ತ ಹೋದರೆ ‘ಕರ್ಮ’ ಎಂಬುದು ‘ಕಮರ್’ ಆಗಿದೆ, ‘ಧರ್ಮ’ ‘ಧಮರ್’ ಆಗಿದೆ. ಹಳೆಯ ಫಾಂಟಿನಲ್ಲಿ ಅರ್ಕಾವತ್ತು ಅಕ್ಷರದ ನಂತರ ಬರುತ್ತದೆ, ಯೂನಿಕೋಡ್‌ನಲ್ಲಿ ಅದರ ರಕಾರ ಮೊದಲು ಬರಬೇಕು. ನಾವು ಬಳಸಿದ ಪರಿವರ್ತಕ ಆ ಜಾಗ ಅದಲುಬದಲು ಮಾಡಿರಲಿಲ್ಲ. ಅದು ಗೀತೆಯ ವ್ಯಾಖ್ಯಾನದ ಪುಸ್ತಕ. ಧರ್ಮವೂ ಕರ್ಮವೂ ಪುಟಕ್ಕೆ ಹತ್ತು ಸಲ.

ಎರಡು ತಿಂಗಳು ಕರಡು ತಿದ್ದಿದೆವು. ಯಂತ್ರಗಳಿಗೆ ಕೊಟ್ಟದ್ದಕ್ಕಿಂತ ಹೆಚ್ಚು ಹಣ ಕರಡು ನೋಡಿದವರಿಗೆ ಹೋಯಿತು. ಕೊನೆಗೆ ಗುಜರಿಗೆ ಹಾಕಲಿದ್ದ ಹಳೆಯ ಡೆಸ್ಕ್‌ಟಾಪನ್ನು ಒರೆಸಿ, ಇಂಟರ್ನೆಟ್ ಕಿತ್ತು, ಮೂಲೆಯಲ್ಲಿ ಪ್ರತಿಷ್ಠಾಪಿಸಿದೆ. ಹಳೆಯ ಕಡತಗಳಿಗೆ ಹಳೆ ಗಂಡನ ಪಾದವೇ ಗತಿ.

ಬದಲಿಸಬೇಡಿ ಎನ್ನುವುದಿಲ್ಲ. ಹೊಸ ಕೆಲಸವನ್ನು ಹೊಸದರಲ್ಲಿ ಶುರುಮಾಡಿ, ಹಳೆಯದನ್ನು ಹಳೆಯದರಲ್ಲೇ ಮುಗಿಸಿ. ಪುಟ ಕಟ್ಟುವ ತಂತ್ರಾಂಶ ಇನ್‌ಡಿಸೈನ್ ಬಳಸುವುದಾದರೆ ಅದರ ಸಿಎಸ್6 ಆವೃತ್ತಿಯಿಂದ ಈಚೆಗೆ ಕನ್ನಡ ಯೂನಿಕೋಡ್‌ಗೆ ಬೆಂಬಲವಿದೆ, ಆದರೆ ವರ್ಲ್ಡ್‌ರೆಡಿ ಕಂಪೋಸರ್ ಆಯ್ಕೆ ಮಾಡದಿದ್ದರೆ ಒತ್ತಕ್ಷರಗಳು ಬಿಡಿಬಿಡಿಯಾಗಿ ನಿಲ್ಲುತ್ತವೆ. ನಾವು ಇದನ್ನು ಕಂಡುಕೊಳ್ಳಲು ಒಂದು ದಿನ ಕಳೆದೆವು, ನೀವು ಕಳೆಯಬೇಡಿ.

ಕೇಳಿದವರು, ಮೂರು ವಾರದ ನಂತರ

ಎಲ್ಲರಿಗೂ ಕೃತಜ್ಞ. ರಿಪೇರಿಯವರು ಹೇಳಿದಂತೆ ಡಬ್ಬಿಗೆ ಕಿವಿಯಿಟ್ಟು ಕೇಳಿದೆ, ಅಕ್ಕಿ ಕೆರೆಯುವ ಸದ್ದೇ. ಎರಡೂ ಡೆಸ್ಕ್‌ಟಾಪಿಗೆ ಎಸ್‌ಎಸ್‌ಡಿ ಹಾಕಿಸಿದೆ, ಒಂದಕ್ಕೆ ರ್‍ಯಾಮ್ ಕೂಡ. ಈಗ ಪುಟ ತಿರುಗಿಸಿದರೆ ಪೇಟ, ಮೀಸೆ, ಮುಖ ಒಟ್ಟಿಗೇ ಬರುತ್ತವೆ. ಲ್ಯಾಪ್‌ಟಾಪ್ ಗಾಜಿನ ಮೇಲೆ ತೂಗಾಡಿತು. ಅದನ್ನು ಎಸ್.ಪಿ. ರಸ್ತೆಗೆ ತರುತ್ತೇನೆ.

ಹಳೆಯ ಮಾದರಿಯನ್ನು ಕೊಳ್ಳುತ್ತಿಲ್ಲ. ನಮ್ಮ ಕಂಪನಿಗೆ ಆ ಎರಡು ಗಡಿಯಾರಗಳ ಬಗ್ಗೆ ಪತ್ರ ಬರೆದು ಕೇಳಿದೆ. ‘ನಿಮ್ಮ ಅಭಿಪ್ರಾಯ ನಮಗೆ ಮುಖ್ಯ’ ಎಂಬ ಉತ್ತರ ಬಂತು. ನಾನು ಅಭಿಪ್ರಾಯ ಬರೆದೇ ಇರಲಿಲ್ಲ. ಊರಿನ ಚರಿತ್ರೆ ಅಚ್ಚಿಗೆ ಹೋದ ಮೇಲೆ ಇಲ್ಲಿಯೇ ಒಂದು ಯಂತ್ರ ಜೋಡಿಸಿಕೊಂಡು, ಹೊಸ ಪುಸ್ತಕಗಳನ್ನು ಮಾತ್ರ ಅದರಲ್ಲಿ ಶುರುಮಾಡುವ ಯೋಚನೆಯಿದೆ.

ಮಂಗಳೂರಿನ ಮೇಡಂ, ಅರ್ಕಾವತ್ತು ತಪ್ಪಿದ ಪದಗಳನ್ನು ಹುಡುಕಲು ನೀವೊಂದು ಪಟ್ಟಿ ಮಾಡಿಕೊಂಡಿದ್ದರೆ ದಯವಿಟ್ಟು ಹಂಚಿಕೊಳ್ಳಿ. ನನ್ನ ಬಳಿ ಹಳೆಯ ಫಾಂಟಿನ ಪುಸ್ತಕಗಳೇ ಇನ್ನೂರರ ಮೇಲಿವೆ, ಮತ್ತು ಅದರಲ್ಲಿ ಅರ್ಧ ಪುರಾಣಗಳು.