ವರ್ಡ್‌ನಲ್ಲೇ ಪಾಂಪ್ಲೆಟ್ ಮಾಡಿದವರು ಇದ್ದೀರಾ? ಅನುಭವ ಹೇಳಿ

ಟ್ಯೂಷನ್, ದಾವಣಗೆರೆ: ಜೂನ್‌ನಿಂದ ಮನೆಯಲ್ಲೇ ಟ್ಯೂಷನ್ ಶುರು ಮಾಡುತ್ತಿದ್ದೇನೆ. ಸಾವಿರ ಪಾಂಪ್ಲೆಟ್ ಬೇಕು, ಒಂದೇ ಬಣ್ಣ ಸಾಕು. ವರ್ಡ್ ಬಿಟ್ಟು ಬೇರೇನೂ ಬರಲ್ಲ. ಅದರಲ್ಲೇ ಮಾಡಬಹುದಾ?

ಹೊಲಿಗೆ ಅಂಗಡಿ, ತಿಪಟೂರು: ಧೈರ್ಯವಾಗಿ ಮಾಡಿ. ನಮ್ಮ ಅಂಗಡಿಯದು ಪೂರ್ತಿ ವರ್ಡ್‌ನಲ್ಲೇ ಆಗಿದ್ದು. ಬರೀ ಡಿಸೈನ್‌ಗೆ ಡಿಟಿಪಿ ಅಂಗಡಿಯವರು (ಕಂಪ್ಯೂಟರ್‌ನಲ್ಲಿ ಪುಟ ಜೋಡಿಸಿಕೊಡುವವರು) ಐನೂರು ಕೇಳಿದರು, ಸುಮ್ನೆ ಯಾಕೆ ಕೊಡಬೇಕು? ಎ4 ಹಾಳೆ ಅಡ್ಡ ಇಟ್ಟು, ಎರಡೂ ಅರ್ಧಕ್ಕೆ ಅದೇ ಮ್ಯಾಟರ್ ಹಾಕಿದೆ. ಕತ್ತರಿಸಿದರೆ ಎರಡು ಎ5. ಸಾವಿರಕ್ಕೆ ಐನೂರೇ ಹಾಳೆ. 70 ಜಿಎಸ್‌ಎಂ (ಕಾಗದದ ತೂಕದ ಅಳತೆ) ಹಳದಿ ಕಾಗದ, ಕಪ್ಪು ಇಂಕು, ಕಟಿಂಗ್ ಎಲ್ಲ ಸೇರಿ 850 ರೂಪಾಯಿ. ಪೇಪರ್ ಹಾಕುವ ಹುಡುಗರಿಗೆ ಕೊಟ್ಟಿದ್ದು ಬೇರೆ.

ಕಾಡಿದ್ದು ಫೋಟೊ. ರವಿಕೆಯ ಚಿತ್ರ ಒಂದು ಚೂರು ಸರಿಸಿದರೆ ಫೋನ್ ನಂಬರ್ ಎರಡನೇ ಪುಟಕ್ಕೆ ಹಾರುತ್ತಿತ್ತು. ಕೊನೆಗೆ ಟೇಬಲ್ ಹಾಕಿ, ಗೆರೆ ಕಾಣದಂತೆ ಮಾಡಿ, ಒಂದೊಂದನ್ನು ಒಂದೊಂದು ಖಾನೆಯಲ್ಲಿ ಕೂರಿಸಿದೆ. ಆಮೇಲೆ ಯಾವುದೂ ಅಲುಗಲಿಲ್ಲ.

ಡಿಟಿಪಿ, ಹಾಸನ: ಐನೂರು ಜಾಸ್ತಿ ಅನ್ನುವವರು ನಮ್ಮ ಕಷ್ಟವನ್ನೂ ಕೇಳಿ. ಯೂನಿಕೋಡ್‌ನಲ್ಲಿ, ಅಂದರೆ ಈಗ ಮೊಬೈಲ್, ಇಂಟರ್‌ನೆಟ್‌ನಲ್ಲೆಲ್ಲ ಬಳಸುವ ಅಕ್ಷರ ಪದ್ಧತಿಯಲ್ಲಿ, ಟೈಪ್ ಮಾಡಿದ ವರ್ಡ್ ಫೈಲ್ ತರುತ್ತಾರೆ. ನಮ್ಮದು ಪೇಜ್‌ಮೇಕರ್, ಪುಟ ಜೋಡಿಸುವ ಹಳೇ ಸಾಫ್ಟ್‌ವೇರ್, ಅದಕ್ಕೆ ಯೂನಿಕೋಡ್ ಕನ್ನಡ ಆಗಿಬರಲ್ಲ. ನುಡಿ ಅನ್ನುವ ಕನ್ನಡ ಟೈಪಿಂಗ್ ಸಾಫ್ಟ್‌ವೇರ್‌ನ ಹಳೇ ಫಾಂಟ್‌ಗೆ ಕನ್ವರ್ಟ್ ಮಾಡಿ, ಮತ್ತೆ ಸಾಲು ಸಾಲು ನೋಡಬೇಕು. ಎಲ್ಲೋ ಒತ್ತು ಬಿಟ್ಟಿರುತ್ತದೆ, ಅರ್ಕಾವತ್ತು ಜಾಗ ತಪ್ಪಿರುತ್ತದೆ. ಅಷ್ಟು ಹೊತ್ತಿನ ಕೆಲಸಕ್ಕೆ ದುಡ್ಡು ಯಾರು ಕೊಡುತ್ತಾರೆ?

ಮೆಸ್, ಧಾರವಾಡ: ಅಷ್ಟೆಲ್ಲ ನೋಡುವ ಪುಣ್ಯಾತ್ಮರು ನಮಗೆ ಸಿಗಲಿಲ್ಲ. ನನ್ನ ಮಗ ನುಡಿಯಲ್ಲಿ ಟೈಪ್ ಮಾಡಿ ವರ್ಡ್ ಫೈಲನ್ನೇ ಕೊಟ್ಟಿದ್ದ. ಅಂಗಡಿಯ ಕಂಪ್ಯೂಟರ್‌ನಲ್ಲಿ ನುಡಿ ಇರಲಿಲ್ಲ. ತಲೆಬರಹ ಚಿತ್ರವಾಗಿತ್ತು, ಸರಿಯಾಗಿ ಬಂತು. ಕೆಳಗೆ ಊಟದ ದರದ ಸಾಲುಗಳೆಲ್ಲ ಇಂಗ್ಲಿಷ್ ಅಕ್ಷರದ ಕಲಸುಮೇಲೋಗರ. ಪ್ರೂಫ್ (ಮೊದಲು ನೋಡುವ ಮಾದರಿ ಪ್ರತಿ) ತೋರಿಸದೆ ಎರಡು ಸಾವಿರವನ್ನೂ ಹೊಡೆದುಬಿಟ್ಟರು! 1,900 ರೂಪಾಯಿ ನೀರಲ್ಲಿ ಹೋಯಿತು, ಒಂದು ಪೈಸೆ ವಾಪಸ್ ಬರಲಿಲ್ಲ. ಸೇವ್ ಆ್ಯಸ್‌ನಲ್ಲಿ ಪಿಡಿಎಫ್ ಮಾಡಿಯೇ ಕೊಡಿ, ಫಾಂಟ್ ಅದರೊಳಗೇ ಹೋಗುತ್ತದೆ. ವಾಟ್ಸಾಪ್‌ನಲ್ಲಿ ಫೋಟೊ ತೆಗೆದು ಕಳಿಸಬೇಡಿ, ಅದು ಕುಗ್ಗಿ ಮಸುಕಾಗುತ್ತದೆ. ಡಾಕ್ಯುಮೆಂಟ್ ಅಂತ ಕಳಿಸಿ.

ಡಿಟಿಪಿ, ಹಾಸನ: ಯಾರೋ ಒಬ್ಬರು ಮಾಡಿದ್ದಕ್ಕೆ ಎಲ್ಲರಿಗೂ ಸೇರಿಸಿ ಬೈಯಬೇಡಿ ಮೇಡಂ. ಪ್ರೂಫ್ ಮೇಲೆ ಸಹಿ ಇಲ್ಲದೆ ನಾನು ಒಂದು ಹಾಳೆಯನ್ನೂ ಮಷೀನಿಗೆ ಹಾಕಲ್ಲ.

ಮೆಸ್, ಧಾರವಾಡ: ನಿಮಗೆ ಬೈದಿಲ್ಲ ಸರ್. ದುಡ್ಡು ಕಳೆದುಕೊಂಡವಳು ನಾನು, ಹೇಳಲೂಬಾರದಾ?

ಅನುವಾದ, ಬೆಂಗಳೂರು: ಮೂಲ ಸಮಸ್ಯೆ ಪೇಜ್‌ಮೇಕರ್. ಅದರ ಕೊನೆಯ ದೊಡ್ಡ ಆವೃತ್ತಿ ಬಂದದ್ದು 2001ರಲ್ಲಿ. ನಾನು ವರ್ಡ್‌ನಂಥದೇ ಲಿಬ್ರೆಆಫೀಸ್ ರೈಟರ್‌ನಲ್ಲಿ ನೋಟೊ ಸಾನ್ಸ್ ಕನ್ನಡ ಅನ್ನುವ ಯೂನಿಕೋಡ್ ಫಾಂಟ್ ಹಾಕಿ ಪಿಡಿಎಫ್ ತೆಗೆಯುತ್ತೇನೆ. ಎರಡೂ ಪುಕ್ಕಟೆ. ಒಂದು ಒತ್ತೂ ಹಾರಿಲ್ಲ.

ಡಿಟಿಪಿ, ಹಾಸನ: ಹೊಸ ಸಾಫ್ಟ್‌ವೇರ್‌ಗೆ ತಿಂಗಳು ತಿಂಗಳು ಬಾಡಿಗೆ ನೀವು ಕಟ್ಟುತ್ತೀರಾ?

ಅನುವಾದ, ಬೆಂಗಳೂರು: ಪುಕ್ಕಟೆ ಅಂತ ತಾನೇ ಬರೆದಿದ್ದು?

ಟ್ಯೂಷನ್, ದಾವಣಗೆರೆ: ಎಲ್ಲರಿಗೂ ಥ್ಯಾಂಕ್ಸ್. ಪಿಡಿಎಫ್‌ನಲ್ಲಿ ಎ5 ಒಂದೇ ಇದ್ದರೆ ಸಾಕಾ, ಎರಡೂ ಸೇರಿಸಿ ಕೊಡಬೇಕಾ?

ಡಿಟಿಪಿ, ಹಾಸನ: ಒಂದೇ ಕೊಡಿ. ಸೇರಿಸುವುದು ಪ್ರೆಸ್‌ನವರ ಕೆಲಸ.

ಹೊಲಿಗೆ ಅಂಗಡಿ, ತಿಪಟೂರು: ಅದಕ್ಕೂ ಬಿಲ್‌ನಲ್ಲಿ ನೂರು ರೂಪಾಯಿ ಸೇರಿಸುತ್ತಾರೆ. ನೀವೇ ಸೇರಿಸಿ ಕೊಡಿ.